ತೂತಿಲ್ಲದ ಪುಂಡಿ ಸೊಪ್ಪು

ಪಾರ್ವತಿನಗರದ ಬೇವಿನ ಮರದ ಕೆಳಗೆ ವಾರಕ್ಕೆರಡು ದಿನ ಸೊಪ್ಪು ಮಾರಲು ಕೂರುತ್ತಿದ್ದ ಕುರುಗೋಡಿನ ಸುಂಕಮ್ಮನಿಗೆ ವಿಷ ಹೊಡೆಯದ ಸೊಪ್ಪು ಎಂಬ ಬೋರ್ಡು ಬೇಕಿರಲಿಲ್ಲ. ಎಲೆಯಲ್ಲಿನ ತೂತೇ ಸಾಕಿತ್ತು. "ಹುಳ ತಿಂದು ಬದುಕೈತಿ ಅಂದ್ರ ನೀವೂ ತಿಂದು ಬದುಕ್ತೀರಿ, ಒಯ್ರಿ" ಎಂದು ಮೂರು ವರ್ಷದ ಹಿಂದೆ ಅವಳೇ ಗಿರಾಕಿಗಳಿಗೆ ಪಾಠ ಹೇಳಿದ್ದಳು. ಆ ಪಾಠ ಒಂದು ದಿನ ತನಗೇ ತಿರುಗಿ ಬೀಳುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ಅವಳ ಗಂಡ ಉಚ್ಚೆಂಗೆಪ್ಪ ಸಿರುಗುಪ್ಪದ ಕಡೆ ಭತ್ತದ ಗದ್ದೆಗಳಿಗೆ ಕೂಲಿಯ ಮೇಲೆ ಕೀಟನಾಶಕ ಹೊಡೆಯುತ್ತಿದ್ದವನು. ಆ ಕಡೆ ಅದಕ್ಕೆ ಎಣ್ಣೆ ಎನ್ನುತ್ತಾರೆ. ಒಂದು ಮಧ್ಯಾಹ್ನ ಗಾಳಿಗೆ ಎದುರಾಗಿ ಹೊಡೆದು, ಬಾಯಲ್ಲಿ ನೊರೆ ಬಂದು ಬದುವಿನ ಮೇಲೆ ಬಿದ್ದ. ಆಸ್ಪತ್ರೆಯಲ್ಲಿ ಮೂರು ದಿನ ಹೆಂಡತಿಯ ಗುರುತೂ ಹಿಡಿಯಲಿಲ್ಲ. ಬದುಕಿ ಬಂದನೇನೋ ನಿಜ, ಆದರೆ ರೊಟ್ಟಿಯ ಜೊತೆ ಹಸಿ ಮೆಂತ್ಯ, ಹಸಿ ಹಕ್ಕರಕಿ ಸೊಪ್ಪು ಇಲ್ಲದೆ ಉಣ್ಣದಿದ್ದ ಮನುಷ್ಯ ಅಂದಿನಿಂದ ಸ್ವಂತ ಹೊಲದ ಎಲೆಯನ್ನೂ ಕುದಿಸದೆ ಮುಟ್ಟುತ್ತಿರಲಿಲ್ಲ. ಸುಂಕಮ್ಮ ಎಣ್ಣೆಯ ಪಂಪನ್ನು ಗುಜರಿಗೆ ಹಾಕಿದಳು. ಇದ್ದ ಅರ್ಧ ಎಕರೆಯಲ್ಲಿ ಸೊಪ್ಪು ಬಿತ್ತಿ, ಸುತ್ತ ಒಂದು ಸಾಲು ಔಡಲ ಹಾಕಿದಳು. ಔಡಲ ಗಿಡ ಹುಳದ ಪಾಲು, ಸೊಪ್ಪು ತನ್ನ ಪಾಲು.

ಮೊದಲೆರಡು ವರ್ಷ ಹುಳಗಳು ತಮ್ಮ ಪಾಲನ್ನೂ ತಿಂದವು, ಇವಳ ಪಾಲಿಗೂ ಬಾಯಿ ಹಾಕಿದವು. ಮೂರನೇ ವರ್ಷ ಗುಲಗಂಜಿ ಹುಳ ಬಂದವು, ಗಿಡಗಿಡಕ್ಕೂ ಜೇಡ ಬಲೆ ಕಟ್ಟಿತು, ಬೇಲಿಯಲ್ಲಿ ಕಡಜ ಗೂಡಿಟ್ಟಿತು. ಎಲೆ ತಿನ್ನುವವರನ್ನು ತಿನ್ನುವವರು ಬಂದಿದ್ದರು. ಈ ಸಲದ ಪುಂಡಿಯಲ್ಲಿ ಹುಡುಕಿದರೂ ಒಂದು ತೂತಿಲ್ಲ. ಸುಂಕಮ್ಮ ಹಿಗ್ಗಿ ಹೀರೇಕಾಯಿಯಾಗಿ ಬುಟ್ಟಿ ಹೊತ್ತು ಬಸ್ಸು ಹತ್ತಿದಳು.

ಬೇವಿನ ಮರದ ಬೀದಿಯಲ್ಲಿ ನಿವೃತ್ತ ಸುಮಂಗಲಾ ಟೀಚರ್ ಒಯ್ದರೆ ಉಳಿದವರೂ ಒಯ್ದರೆಂದೇ ಲೆಕ್ಕ. ಅವರು ಎಲೆಯೊಂದನ್ನು ಬಿಸಿಲಿಗೆ ಹಿಡಿದರು.

"ಏನವ್ವಾ ಸುಂಕಮ್ಮ, ಒಂದೂ ತೂತಿಲ್ಲ. ಎಣ್ಣಿ ಹೊಡದ್ರೇನು?"

"ಇಲ್ರೀ ಟೀಚರಮ್ಮ. ಹೊಲಕ್ಕ ಗುಲಗಂಜಿ ಹುಳ ಬಂದಾವ್ರೀ..."

"ಹುಳ ಬಂದ್ರ ಎಲಿ ತಿನ್ನಬೇಕಿತ್ತಲ್ಲ?"

ಹುಳ ತಿನ್ನುವ ಹುಳವೂ ಇದೆ ಎಂದು ಅವಳು ಹೇಳುವಷ್ಟರಲ್ಲಿ ಟೀಚರ್ ಕಟ್ಟನ್ನು ಕೆಳಗಿಟ್ಟಾಗಿತ್ತು. ಹಿಂದೆ ನಿಂತಿದ್ದ ನಾಲ್ವರೂ ಇಟ್ಟರು. ತುಂಬಿದ ಬುಟ್ಟಿ ತುಂಬಿದಂತೆಯೇ ಕುರುಗೋಡಿಗೆ ವಾಪಸು ಬಂತು.

"ಸೊಪ್ಪು ಹೋದ್ರ ಹೋಗ್ಲಿ," ಎಂದು ಸುಂಕಮ್ಮ ಒಲೆಯ ಮುಂದೆ ಕೂತು ಅತ್ತಳು. "ಎಣ್ಣಿ ಹೊಡಿಯಾಕಿ ಅಂದ್ರಲ್ಲ ನನ್ನ. ಯಾರಿಗೆ ಅಂದ್ರೂ ನನಗ ಅನ್ನಬಾರದಿತ್ತು." ಉಚ್ಚೆಂಗೆಪ್ಪ ಬುಟ್ಟಿಯನ್ನು ಒಳಗೆ ಎತ್ತಿಟ್ಟ.

ಮುಂದಿನ ಸಲ ಕಟ್ಟು ಕಟ್ಟಿಕೊಟ್ಟವನು ಅವನೇ. ಬೇವಿನ ಮರದ ಕೆಳಗೆ ಬಿಚ್ಚಿದರೆ ಎಲೆಗಳಲ್ಲಿ ತೂತು! ಹುಳ ಮತ್ತೆ ಬಂದವೇ ಎಂದು ಸುಂಕಮ್ಮ ಕಕ್ಕಾಬಿಕ್ಕಿಯಾದಳು. ಟೀಚರ್ ಮೊದಲು ನಕ್ಕರು. ಆಮೇಲೆ ಕನ್ನಡಕ ಸರಿಮಾಡಿಕೊಂಡರು. ಎಲ್ಲ ತೂತೂ ಒಂದೇ ಅಳತೆ, ಅಂಚು ಕಪ್ಪು. ಎಲೆಯನ್ನು ಮೂಗಿಗೆ ಹಿಡಿದರು.

"ನಿಮ್ಮ ಹುಳಕ್ಕ ಊದಬತ್ತಿ ಹಚ್ಚೂ ಚಟ ಐತೇನವ್ವಾ?"

ಬೀದಿಯೇ ನಕ್ಕಿತು. "ಮೂರು ವರ್ಷ ನಾವು ತಿಂದದ್ದೂ ಇಂಥವೇ ಏನು?" ಎಂದು ಅವರು ಮೆಲ್ಲಗೆ ಕೇಳಿದ್ದು ಆ ನಗೆಗಿಂತ ಜೋರಾಗಿ ಬಡಿಯಿತು.

ಮನೆಗೆ ಬಂದು ಸುಂಕಮ್ಮ ಗಂಡನನ್ನು ತರಾಟೆಗೆ ತೆಗೆದುಕೊಂಡಳು. "ನಿನಗೇನು ದಾಡಿ ಬಂದಿತ್ತು? ಖರೇ ಇದ್ದದ್ದನ್ನ ಸುಳ್ಳು ಮಾಡಿ ಇಟ್ಟಿ!"

"ನೀ ಅಳೂದು ನೋಡಾಕ ಆಗಲಿಲ್ಲ," ಎಂದ ಅವನು.

"ಮಾಡಿದಾವ ನೀನು, ಬಂದು ಹೇಳಾವನೂ ನೀನ."

ಹೀಗೆ ಉಚ್ಚೆಂಗೆಪ್ಪ ಮುಂದಿನ ಸಲ ಬೇವಿನ ಮರದ ಕೆಳಗೆ ಜೊತೆಯಲ್ಲೇ ಬಂದ. ಬುಟ್ಟಿಯಲ್ಲಿ ಮತ್ತೆ ತೂತಿಲ್ಲದ ಪುಂಡಿ. ನಾಲ್ಕು ಜನ ಸೇರಿದ್ದೇ ಅವನು ಎದ್ದು ನಿಂತ.

"ಊದಬತ್ತಿ ನಾ ಹಚ್ಚಿದ್ದುರೀ ಅಮ್ಮಾ. ಆಕಿಗೆ ಗೊತ್ತಿದ್ದಿಲ್ಲ. ಎಣ್ಣಿ ಮಾತ್ರ ಹೊಡದಿಲ್ಲ."

"ಒಂದ್ಸಲ ಸುಳ್ಳು ಮಾಡೀಯಪ್ಪಾ," ಎಂದರು ಟೀಚರ್. "ಇದನ್ನ ಹೆಂಗ ನಂಬಬೇಕು?"

ಉಚ್ಚೆಂಗೆಪ್ಪ ಬುಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಕಟ್ಟೊಂದನ್ನು ಬಿಚ್ಚಿ ಒಂದು ಎಲೆ ಕಿತ್ತ, ತೊಳೆಯಲಿಲ್ಲ, ಒರೆಸಲಿಲ್ಲ. ಎಲೆ ಬಾಯಿಯ ಹತ್ತಿರ ಹೋಗಿ ನಿಂತಿತು. ಸುಂಕಮ್ಮ ಬೇಡ ಎನ್ನಬೇಕೆಂದು ಬಾಯಿ ತೆರೆದಳು, ಆಗಲೇ ಅವನು ಎಲೆಯನ್ನು ಬಾಯಿಗಿಟ್ಟಿದ್ದ.

ಹಸಿ ಪುಂಡಿಯ ಹುಳಿ ಅಂತಿಂಥದ್ದಲ್ಲ. ಅವನ ಮುಖ ಮುದುಡಿತು, ಕಣ್ಣಲ್ಲಿ ನೀರು ಬಂತು. ಯಾರೋ ಕಿಸಕ್ಕೆಂದರು. ಅವನು ಎರಡನೆಯ ಎಲೆ ಕಿತ್ತ.

"ನಗಬ್ಯಾಡ್ರಿ," ಎಂದಳು ಸುಂಕಮ್ಮ. "ಎಣ್ಣಿ ಹೊಡದು ಸಾಯಾಕ ಬಿದ್ದಿದ್ದ ಮನುಷ್ಯಾರೀ ಅವ. ಮೂರು ದಿನ ನನ್ನ ಗುರುತು ಹಿಡಿಲಿಲ್ಲ. ಅವತ್ತಿಂದ ಇವತ್ತಿನ ತನಕ ಒಂದು ಹಸಿ ಎಲಿ ತಿಂದಿದ್ದಿಲ್ಲ. ನನ್ನ ಕೈಲೆ ಕೊಟ್ರೂ ತಿಂದಿದ್ದಿಲ್ಲ."

ನಗು ನಿಂತಿತು. ಸುಮಂಗಲಾ ಟೀಚರ್ ಒಂದು ಕಟ್ಟು ಎತ್ತಿಕೊಂಡರು. ಅಭ್ಯಾಸಬಲದಿಂದ ಬಿಸಿಲಿಗೆ ಹಿಡಿಯಲು ಹೋದ ಕೈ ಅರ್ಧದಲ್ಲೇ ಇಳಿಯಿತು. ಕಟ್ಟನ್ನು ನೋಡದೆಯೇ ಚೀಲಕ್ಕೆ ಹಾಕಿಕೊಂಡು, "ಇನ್ನೊಂದು ಕೊಡವ್ವ" ಎಂದರು. ಹಿಂದಿನವರೂ ಬಗ್ಗಿದರು.

ಉಚ್ಚೆಂಗೆಪ್ಪನಿಗೆ ಇದಾವುದರ ಪರಿವೆಯಿರಲಿಲ್ಲ. ಐದೋ ಆರೋ ಎಲೆ ಮುಗಿಸಿದ್ದ. ಸುಂಕಮ್ಮ ಕಣ್ಣೊರೆಸಿಕೊಂಡು, "ಸಾಕು ಬಿಡು, ಮಾರಾಕರ ಉಳಸು" ಎಂದು ಗದರಿದಳು.

ಅವನು ಬಾಯಲ್ಲಿದ್ದದ್ದನ್ನು ನುಂಗಿ ಕೇಳಿದ: "ರೊಟ್ಟಿ ಕಟ್ಟಿಕೊಂಡು ಬಂದೀಯೇನು?"