ನಾಲ್ಕನೇ ರಿವೆಟ್ ಸ್ವಲ್ಪ ಓರೆ

ಕ್ಯಾಮಿಲಸ್ ಪೊರ್ಬುಗಳ ಶೆವೆಲ್ ಕಾರು ಮೊದಲ ಸಲ ನಮ್ಮ ಗ್ಯಾರೇಜಿಗೆ ಬಂದದ್ದು ತನ್ನ ಚಕ್ರದ ಮೇಲೆ ಅಲ್ಲ, ಕೆಟ್ಟ ಗಾಡಿ ಹೊರುವ ರಿಕವರಿ ಲಾರಿಯ ಬೆನ್ನೇರಿ. ಎರಡನೇ ಸಲವೂ ಹಾಗೆಯೇ. ಮೂರನೇ ಸಲ ಬರುವಾಗ ಲಾರಿಯ ಪಠಾಣ ಡ್ರೈವರು ಕೆಳಗೆ ಇಳಿಯುವ ಮೊದಲೇ, "ಚಾಚಾ, ನಿಮ್ಮ ಮದುಮಗಳು ತವರಿಗೆ ಬಂದಳು" ಎಂದ.

ಗ್ಯಾರೇಜು ದುಬೈಯ ರಾಸ್ ಅಲ್ ಖೋರಿನಲ್ಲಿ, ಉಪ್ಪಳದ ಕಾಸಿಂ ಸಾಹೇಬರದ್ದು. ನಾನು ಅಲ್ಲಿ ಡೆಂಟರ್. ನಜ್ಜಾದ ತಗಡನ್ನು ಬಡಿದು ಬಡಿದು ಮೊದಲಿನ ಹಾಗೆ ಮಾಡುವುದು ನನ್ನ ಕೆಲಸ. ಎಪ್ಪತ್ತೆಂಟರಲ್ಲಿ ಅಬುಧಾಬಿಗೆ ಬಂದ ದಿನದಿಂದ ಬೇರೆ ಕೆಲಸ ಮಾಡಿದವನಲ್ಲ. ತಗಡಿಗೆ ಬೆರಳ ಗಂಟಿನಿಂದ ಎರಡು ಸಲ ಕುಟ್ಟಿದರೆ ಅದರ ಪೂರ್ವಾಪರ ಗೊತ್ತಾಗುತ್ತದೆ.

ಪೊರ್ಬುಗಳು ಶಿರ್ವದವರು, ಇಲ್ಲಿ ಆಸ್ಪತ್ರೆಯ ಸ್ಟೋರಿನಲ್ಲಿ ಕೆಲಸ. ಊರಿನಲ್ಲಿ ಕ್ರಿಸ್ತುವರನ್ನು ಕರೆಯುವ ರೂಢಿಯಂತೆ ನಾನು ಅವರನ್ನು ಪೊರ್ಬುಗಳೇ ಎನ್ನುತ್ತೇನೆ, ಅವರ ಹೆಂಡತಿ ಅನ್ನಾ ಅವರನ್ನು ಬಾಯಮ್ಮ. ನಾನು ಅವರಿಬ್ಬರಿಗೂ ಗುಣಪಾಲಣ್ಣ. ಪೊರ್ಬುಗಳು ಸಣ್ಣವರಿದ್ದಾಗ ಹಡಗಿನಲ್ಲಿದ್ದ ಮಾವ ಒಂದು ಕಾರ್ಡು ಕಳಿಸಿದ್ದರಂತೆ. ಅದರಲ್ಲಿ ಈ ಅಮೇರಿಕದ ಕಾರಿನ ಚಿತ್ರ. ಅದನ್ನು ಮನೆಯ ದೇವರ ಪೀಠದ ಪಕ್ಕ ಅಂಟಿಸಿದ್ದಕ್ಕೆ ತಾಯಿಯಿಂದ ಪೆಟ್ಟೂ ತಿಂದಿದ್ದರಂತೆ. ಐವತ್ತು ದಾಟಿದ ಮೇಲೆ, ಎರಡು ಸಾವಿರದ ಹನ್ನೆರಡರಲ್ಲಿ, ಅದೇ ಕಾರು ಕೈಗೆ ಬಂತು. ಎಪ್ಪತ್ತರ ಮಾಡೆಲ್, ಕಡು ನೀಲಿ, ಬಾನೆಟ್ಟಿನ ಮೇಲೆ ಎರಡು ಬಿಳಿ ಪಟ್ಟೆ. ಸ್ಟಾರ್ಟ್ ಮಾಡಿದರೆ ನಮ್ಮ ಚಹಾದ ಗ್ಲಾಸುಗಳು ಮೇಜಿನ ಮೇಲೆ ತಾವಾಗಿಯೇ ಜಾಗ ಬದಲಿಸುತ್ತಿದ್ದವು.

"ಗುಣಪಾಲಣ್ಣ, ಒಂದು ಸ್ಕ್ರೂ ಕೂಡ ಬದಲಾಗಿಲ್ಲ. ಕಾರ್ಖಾನೆಯಿಂದ ಹೊರಟ ಹಾಗೆಯೇ ಉಂಟು. ಒರಿಜಿನಲ್" ಎಂದರು ಮೊದಲ ದಿನ.

ನಾನು ತಲೆಯಾಡಿಸುತ್ತ ಸುತ್ತ ಕುಟ್ಟಿ ನೋಡಿದೆ. ಕೊನೆಗೆ ಎಡಗಡೆ, ಪಕ್ಕದಲ್ಲಿ ಕೂರುವವರು ಕಾಲು ಚಾಚುವಲ್ಲಿ ಕೈ ಹಾಕಿದೆ. ಅಮೇರಿಕದ ಗಾಡಿಯಲ್ಲವೇ, ಡ್ರೈವರಿನ ಸೀಟು ಎಡಕ್ಕೆ. ಹಾಗಾಗಿ ಎಡ ಎಂದದ್ದು ನನ್ನ ತಪ್ಪು, ಬಲಗಡೆ. ಇಂಜಿನ್ನಿಗೂ ಕಾಲಿಗೂ ನಡುವೆ ಇರುವ ತಗಡಿನ ಗೋಡೆಯನ್ನು ಕುಟ್ಟಿದಾಗ ಒಂದು ಕಡೆ ಸ್ವರ ತೆಳ್ಳಗಾಯಿತು. ಬೆರಳಿನಿಂದ ಸವರಿದೆ. ತಗಡು ಬಿಗಿಯುವ ಮೊಳೆಗಳು, ಏಳು ರಿವೆಟ್. ನಾಲ್ಕನೆಯದು ಸ್ವಲ್ಪ ಓರೆ.

ನನ್ನ ಕೈ ಅಲ್ಲಿಯೇ ನಿಂತಿತು. ಎಂಬತ್ತೊಂದರಲ್ಲಿ ಮದೀನತ್ ಜಾಯೆದ್ ಕಡೆ ತೈಲದ ಕೆಲಸಕ್ಕಿದ್ದ ಒಬ್ಬ ಲೆಬನಾನಿ ಇಂಜಿನಿಯರ್ ಅಬುಧಾಬಿಯ ನಮ್ಮ ಗ್ಯಾರೇಜಿಗೆ ಒಂದು ಕಾರು ತಂದಿದ್ದ. ಎಸಿ ಇಲ್ಲದ ಗಾಡಿಯಲ್ಲಿ ಮರಳುಗಾಡಿಗೆ ಬರುವುದಿಲ್ಲ ಎಂದು ಅವನ ಹೆಂಡತಿ ಹಟ ಹಿಡಿದಿದ್ದಳು. ಎಸಿಯ ಪೈಪು ದಾಟಿಸಲು ಗೋಡೆಗೆ ತೂತು ಕೊರೆದವನು ನಾನು. ಐದು ವರ್ಷದ ನಂತರ ಅದೇ ಕಾರು ಒಬ್ಬ ಇಂಗ್ಲೆಂಡಿನವನ ಜತೆ ಬಂತು. ಅವನಿಗೆ ಎಸಿ ಬೇಡ, ಎಲ್ಲ ಮೊದಲಿನ ಹಾಗೆ ಆಗಬೇಕು. ಅದು ಶುಕ್ರವಾರ, ತಗಡಿನ ಅಂಗಡಿ ಬಂದ್. ಹಾಗಾಗಿ ನಾವು ಚಹಾಕ್ಕೆ ಇಟ್ಟಿದ್ದ ಹಾಲಿನ ಪುಡಿಯ ಡಬ್ಬಿ ಕತ್ತರಿಸಿ, ಚಪ್ಪಟೆ ಮಾಡಿ, ಏಳು ರಿವೆಟ್ ಹೊಡೆದು, ಕಪ್ಪು ಬಣ್ಣ ಬಳಿದು ಆ ತೂತು ಮುಚ್ಚಿದ್ದೆ. ನಾಲ್ಕನೆಯದನ್ನು ಹೊಡೆಯುವಾಗ ಯಾರೋ ಊಟಕ್ಕೆ ಕರೆದರು. ಅದಕ್ಕೇ ಅದು ಓರೆ.

"ಹೇಗುಂಟು?" ಎಂದು ಪೊರ್ಬುಗಳು ಕೇಳಿದರು. ಮುಖ ನೋಡಿದರೆ ಆ ಕಾರ್ಡು ಅಂಟಿಸಿದ ಹುಡುಗನದೇ ಮುಖ.

"ಗಟ್ಟಿ ಉಂಟು" ಎಂದೆ. ಅದು ಸುಳ್ಳಲ್ಲ.

ಅಲ್ಲಿಂದ ಎರಡು ವರ್ಷ ನಾನು ಅನುಭವಿಸಿದ್ದು ನನಗೇ ಗೊತ್ತು. ಹಳೇ ಗಾಡಿಯ ಹುಚ್ಚಿರುವವರು ಶುಕ್ರವಾರ ಸೇರಿದಾಗಲೆಲ್ಲ ಪೊರ್ಬುಗಳು ಒಬ್ಬೊಬ್ಬರನ್ನೇ ಕರೆದು, ಟಾರ್ಚ್ ಬಿಟ್ಟು, ಆ ಏಳು ರಿವೆಟ್ ತೋರಿಸುವುದು. "ಮೆಷಿನ್ ಅಲ್ಲ, ಕೈಯಲ್ಲಿ ಹೊಡೆದದ್ದು. ಅಮೇರಿಕದವನ ಕೈ ನೋಡಿ ಗುಣಪಾಲಣ್ಣ, ನಿಮ್ಮ ಹತ್ತಿರ ಆಗುತ್ತದಾ ಹೀಗೆ?"

"ಕಷ್ಟ" ಎನ್ನುತ್ತಿದ್ದೆ ನಾನು. "ಆದರೆ ನಾಲ್ಕನೆಯದು ಸ್ವಲ್ಪ ಓರೆ ಅಲ್ಲವಾ?"

"ಅದೇ ಕೈಕೆಲಸದ ಗುರುತು. ನಿಮಗೆ ಅರ್ಥ ಆಗಲಿಕ್ಕಿಲ್ಲ."

ಸೀಟುಗಳಿಗೆ ಹೊಸ ರೆಕ್ಸಿನ್ ಹಾಕಿಸಿದ್ದರು. ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆ ತೆಗೆಯಲು ಮಾತ್ರ ಒಪ್ಪಲಿಲ್ಲ. ಅವರ ಮನೆಯಲ್ಲಿ ಟಿವಿಯ ರಿಮೋಟಿಗೂ ಪ್ಲಾಸ್ಟಿಕ್ ಉಂಟು, ಸೋಫಾಕ್ಕೂ ಉಂಟು. ಮಗಳು ಸ್ಟೇಸಿ, "ಡ್ಯಾಡಿ, ನೆಕ್ಸ್ಟ್ ಈಸ್ ಮಮ್ಮಿ" ಎಂದು ಹೇಳಿ ಒಳಗೆ ಓಡಿದ್ದನ್ನು ನಾನೇ ಕೇಳಿದ್ದೇನೆ.

ಎಲ್ಲ ಸುಸೂತ್ರ ನಡೆಯುತ್ತಿತ್ತು, ಎರಡು ಸಾವಿರದ ಹದಿನಾಲ್ಕರ ಜೂನಿನ ತನಕ. ಆ ಶುಕ್ರವಾರ ಬಾಯಮ್ಮ ರೇಷ್ಮೆ ಸೀರೆ ಉಟ್ಟು, ಕರಾಮಾದ ಮನೆಯಿಂದ ಊದ್ ಮೇಥಾದ ಇಗರ್ಜಿಗೆ ಹೊರಟಿದ್ದರು. ದೂರ ಎಂದರೆ ಎಷ್ಟು, ಸೆಕೆ ಇಲ್ಲದಿದ್ದರೆ ನಡೆದೇ ಹೋಗಬಹುದು. ಮೊದಲ ಸಿಗ್ನಲ್ಲಿನಲ್ಲಿ ಕಾರು ಕುದಿಯಿತು. ಪೊರ್ಬುಗಳು ಬಾನೆಟ್ ಎತ್ತಿ ನಿಂತರು. ಬಾಯಮ್ಮ ಇಳಿಯಲು ನೋಡಿದರೆ ಸೀರೆ ಪ್ಲಾಸ್ಟಿಕ್ಕಿಗೆ ಅಂಟಿ ಬಿಡುತ್ತಿಲ್ಲ. ರಿಕವರಿಯ ಪಠಾಣ ಬಂದು, "ಸಲಾಂ ಬಾಬಿಜಿ, ಇವತ್ತು ನೀವೂ ಇದ್ದೀರಾ" ಎಂದನಂತೆ. ಅದು ಅವರಿಗೆ ಎಲ್ಲಕ್ಕಿಂತ ಹೆಚ್ಚು ನಾಟಿತು.

ಲಾರಿಯಲ್ಲಿಯೇ ಕೂತು ಗ್ಯಾರೇಜಿಗೆ ಬಂದರು. ಕೂಗಲಿಲ್ಲ. ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತ ನನ್ನ ಎದುರಿಗೇ ಹೇಳಿದರು. "ಕೇಳಿ. ಸೆಪ್ಟೆಂಬರಿನಲ್ಲಿ ಮೊಂತಿ ಫೆಸ್ತ್. ಮಾತೆ ಮರಿಯಮ್ಮನ ಹಬ್ಬ, ಹೊಸ ಅಕ್ಕಿಯ ಹಬ್ಬ. ಆ ದಿನ ಈ ಕಾರು ನನ್ನನ್ನು ಇಗರ್ಜಿಗೆ ತಣ್ಣಗೆ ಕರಕೊಂಡು ಹೋಗಿ, ತಣ್ಣಗೆ ಮನೆಗೆ ತರಬೇಕು. ಆಗದಿದ್ದರೆ ಖಲಾಸ್. ಇದನ್ನು ಕೊಳ್ಳುತ್ತೇನೆಂದು ಅಲ್ ಐನ್‌ನ ಆ ಅರಬಿ ಕೇಳಿದ್ದಾನಲ್ಲ, ಅವನಿಗೆ ಫೋನು ನಾನೇ ಮಾಡುತ್ತೇನೆ."

"ಅನ್ನಾ, ಇದು ಸಾಮಾನ್ಯ ಕಾರಲ್ಲ."

"ಗೊತ್ತು. ಸಾಮಾನ್ಯ ಕಾರು ಓಡುತ್ತದೆ."

ಅವರು ಟ್ಯಾಕ್ಸಿ ಹಿಡಿದು ಹೋದ ಮೇಲೆ ಪೊರ್ಬುಗಳು ಟಯರಿನ ಮೇಲೆ ಕೂತುಬಿಟ್ಟರು. ಬಾಯಮ್ಮ ಆಡಿದ ಮಾತು ತಪ್ಪುವವರಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಜುಲೈಯಲ್ಲಿ ದೊಡ್ಡ ರೇಡಿಯೇಟರ್ ಹಾಕಿದೆವು, ಕರೆಂಟಿನ ಎರಡು ಫ್ಯಾನ್ ಹಾಕಿದೆವು. ಬೇಡವೆಂದರೆ ಬಿಚ್ಚಿ ಹಳೆಯದನ್ನೇ ಕೂರಿಸಬಹುದು ಎಂದು ಮೂರು ದಿನ ಹೇಳಿದ ಮೇಲೆ ಪೊರ್ಬುಗಳು ಒಪ್ಪಿದರು. ಇಂಜಿನ್ ಕುದಿಯುವುದು ನಿಂತಿತು. ಆದರೆ ಒಳಗೆ ಕೂತವರು ಕುದಿಯುವುದು ನಿಲ್ಲಲಿಲ್ಲ. ಅದಕ್ಕೆ ಎಸಿಯೇ ಬೇಕು. ಎಸಿಗೆ ತೂತು ಬೇಕು.

"ತೂತಾ?" ಎಂದರು ಪೊರ್ಬುಗಳು, ತಮ್ಮ ಹೊಟ್ಟೆಗೇ ಕೊರೆಯುತ್ತೇನೆ ಎಂದ ಹಾಗೆ. "ನಲವತ್ತನಾಲ್ಕು ವರ್ಷದಿಂದ ಯಾರೂ ಮುಟ್ಟದ ತಗಡು ಅದು. ನನ್ನ ಕೈಯಾರೆ ಹಾಳು ಮಾಡಲಾ? ಅದಕ್ಕಿಂತ ಆ ಅರಬಿಗೇ ಕೊಡುತ್ತೇನೆ. ಅವನಾದರೂ ಒರಿಜಿನಲ್ ಇಡುತ್ತಾನೆ."

ಕಾಸಿಂ ಸಾಹೇಬರು ಹೇಳಿ ನೋಡಿದರು. ಕೇಳಲಿಲ್ಲ. ಆಗಸ್ಟ್ ಮುಗಿಯಿತು. ಹಬ್ಬಕ್ಕೆ ಏಳು ದಿನ ಉಳಿದಾಗ ಪೊರ್ಬುಗಳು ಕಾರನ್ನು ತಂದು ನೆರಳಿನಲ್ಲಿ ನಿಲ್ಲಿಸಿ, "ಪಾಲಿಶ್ ಮಾಡಿ ಗುಣಪಾಲಣ್ಣ. ಕೊಡುವಾಗ ಚೆಂದ ಕೊಡುವ" ಎಂದರು. ಬಾನೆಟ್ಟಿನ ಮೇಲೆ ಕೈ ಇಟ್ಟವರು ಬಿಸಿ ಇದ್ದರೂ ತೆಗೆಯಲಿಲ್ಲ.

ಮಾತಾಡದೆ ಇರುವುದು ನನಗೆ ಸುಲಭ. ಸೋನಾಪುರದ ಕೆಲಸದವರ ಕ್ಯಾಂಪಿನಲ್ಲಿ ಒಂದು ಕೋಣೆಯಲ್ಲಿ ಎಂಟು ಮಂದಿ ಇದ್ದರೆ ಅದನ್ನು ಕಲಿಯಲೇಬೇಕು. ಆದರೆ ಆ ಕೈ ನೋಡಿದ ಮೇಲೆ ಇನ್ನು ಸುಮ್ಮನಿರುವುದು ಸರಿಯಲ್ಲ ಎನಿಸಿತು. ಅವರ ಸಂತೋಷ ಕೆಡಬಾರದೆಂದು ಎರಡು ವರ್ಷ ಬಾಯಿ ಮುಚ್ಚಿದ್ದೆ. ಈಗ ಅದೇ ಮೌನ ಅವರ ಕಾರನ್ನೇ ಕಳೆಯುವುದರಲ್ಲಿತ್ತು.

"ಪೊರ್ಬುಗಳೇ, ಟಾರ್ಚ್ ತನ್ನಿ. ಆ ರಿವೆಟ್ ಇನ್ನೊಮ್ಮೆ ನೋಡುವ."

ಅವರಿಗೆ ಸಂತೋಷವೇ ಆಯಿತು. ಇಬ್ಬರೂ ಬಗ್ಗಿದೆವು.

"ಏಳು ಉಂಟಲ್ಲ?"

"ಏಳು."

"ನಾಲ್ಕನೆಯದು ಯಾಕೆ ಓರೆ?"

"ಎಷ್ಟು ಸಲ ಕೇಳುತ್ತೀರಿ ಮಾರಾಯ್ರೆ. ಸೋಮವಾರ ಬೆಳಿಗ್ಗೆ ಹೊಡೆದದ್ದಿರಬೇಕು. ಅಮೇರಿಕದವನಿಗೂ ಸೋಮವಾರ ಉದಾಸೀನ ಇರುತ್ತದೆ."

"ಅಲ್ಲ. ಶುಕ್ರವಾರ ಮಧ್ಯಾಹ್ನ. ಎಂಬತ್ತಾರನೇ ಇಸವಿ, ಅಬುಧಾಬಿ. ಊಟಕ್ಕೆ ಮೀನು ಗಸಿ ಇತ್ತು. ಹೊಡೆದವ ನಾನು."

ಪೊರ್ಬುಗಳು ಟಾರ್ಚನ್ನು ತಗಡಿನಿಂದ ತೆಗೆದು ನನ್ನ ಮುಖಕ್ಕೆ ಬಿಟ್ಟರು. ಎಲ್ಲ ಹೇಳಿದೆ. ಲೆಬನಾನಿ, ಅವನ ಹೆಂಡತಿ, ಇಂಗ್ಲೆಂಡಿನವ, ಹಾಲಿನ ಪುಡಿ. ಅವರು ನಂಬಲಿಲ್ಲ. ಚಿಂದಿಬಟ್ಟೆಗೆ ತಿನ್ನರ್ ಹಾಕಿ ಮೆಲ್ಲಗೆ ಒರೆಸಿದೆ. ಕಪ್ಪು ಬಣ್ಣದ ಅಡಿಯಿಂದ ಮೊದಲು ಹಳದಿ ಬಂತು. ಆಮೇಲೆ ಒಂದು ಕಿವಿ. ಆಮೇಲೆ ಒಂದು ಕೊಂಬು.

"ಹಸು" ಎಂದರು ಪೊರ್ಬುಗಳು.

"ಹಸು" ಎಂದೆ ನಾನು.

ಪೊರ್ಬುಗಳು ಟಾರ್ಚ್ ಆರಿಸಿದರು. ಎದ್ದು ಹೋಗಿ ನೀರು ಕುಡಿದು ಬಂದರು. "ಎರಡು ವರ್ಷ ನಾನು ಊರವರಿಗೆಲ್ಲ ಇದನ್ನು ತೋರಿಸಿದೆ. ನೀವು ಪಕ್ಕದಲ್ಲೇ ನಿಂತಿದ್ದಿರಿ."

"ನಿಂತಿದ್ದೆ."

"ನಿಮ್ಮ ಹತ್ತಿರ ಆಗುತ್ತದಾ ಎಂದು ಕೇಳಿದೆ. ಕಷ್ಟ ಎಂದಿರಿ."

"ಕಷ್ಟವೇ. ಈಗ ಕಣ್ಣು ಮೊದಲಿನ ಹಾಗೆ ಇಲ್ಲ."

ಅವರಿಗೆ ನಗು ಬಂತೋ ಸಿಟ್ಟು ಬಂತೋ, ಮುಖ ಎರಡಕ್ಕೂ ಹೊರಟು ನಡುವೆ ನಿಂತಿತು. ನಾನು ಹೇಳಬೇಕಾದದ್ದು ಇನ್ನೂ ಒಂದಿತ್ತು. "ಹೊಸ ತೂತು ಬೇಡ ಪೊರ್ಬುಗಳೇ. ಇದನ್ನು ಬಿಚ್ಚಿದರೆ ಹಳೆಯದೇ ಉಂಟು. ಪೈಪು ಸರಿಯಾಗಿ ಕೂರುತ್ತದೆ. ನಿಮ್ಮ ತಗಡಿಗೆ ಡ್ರಿಲ್ ಮುಟ್ಟುವುದಿಲ್ಲ."

ಅವರು ಬಾನೆಟ್ ನೋಡಿದರು, ಹಸು ನೋಡಿದರು. "ಬಿಚ್ಚಿ" ಎಂದರು ಕೊನೆಗೆ. "ಆದರೆ ಆ ಹಸುವನ್ನು ಬಿಸಾಡಬೇಡಿ."

ಆರು ದಿನದಲ್ಲಿ ಎಸಿ ಕೂತಿತು.

ಹಬ್ಬದ ಪೂಜೆಯನ್ನು ರಜೆಯ ಶುಕ್ರವಾರಕ್ಕೇ ಇಟ್ಟಿದ್ದರು. ಹಿಂದಿನ ಸೀಟಿನಲ್ಲಿ ಹತ್ಯಾರಿನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ನಾನೂ ಇರಬೇಕೆಂದು ಪೊರ್ಬುಗಳ ಹಟ. ಬಾಯಮ್ಮ ಅದೇ ರೇಷ್ಮೆ ಸೀರೆ ಉಟ್ಟಿದ್ದರು. ಕೂರುವ ಮೊದಲು ಸೀಟಿನ ಪ್ಲಾಸ್ಟಿಕ್ಕನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಎಳೆತಕ್ಕೆ ಕಿತ್ತು, ಮಡಚಿ, ಗಂಡನ ಕೈಗೆ ಕೊಟ್ಟರು. ಪೊರ್ಬುಗಳು ಅದನ್ನು ಹಿಂದೆ ನನ್ನ ಕೈಗೆ ದಾಟಿಸಿದರು.

ಊದ್ ಮೇಥಾದ ರಸ್ತೆ ತುಂಬಾ ಗಾಡಿ. ಆ ಸಿಗ್ನಲ್ ಬಂತು. ಪೊರ್ಬುಗಳು ರಸ್ತೆ ನೋಡುವುದು ಬಿಟ್ಟು ಇಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನೇ ನೋಡುತ್ತಿದ್ದರು. ಮುಳ್ಳು ಅರ್ಧಕ್ಕೆ ಏರಿತು. ಅರ್ಧದಿಂದ ಒಂದು ಗೆರೆ ಮೇಲೆ ಹೋಯಿತು. ನಾನು ಸ್ಪ್ಯಾನರ್ ಹಿಡಿದುಕೊಂಡೆ, ಅದರಿಂದ ಏನು ಮಾಡುತ್ತೇನೆ ಎಂದು ಯೋಚಿಸಿರಲಿಲ್ಲ. ಎರಡು ಫ್ಯಾನುಗಳು ಒಟ್ಟಿಗೆ ತಿರುಗಿದ ಸದ್ದು ಕೇಳಿತು. ಮುಳ್ಳು ಮೆಲ್ಲಗೆ ಕೆಳಗೆ ಬಂತು.

"ಹಸಿರು ಬಂದು ಎಷ್ಟು ಹೊತ್ತಾಯಿತು" ಎಂದರು ಬಾಯಮ್ಮ. "ಹೋಗುವ ಅಂದಾಜು ಉಂಟಾ?"

ಪೂಜೆ ಮುಗಿಯುವ ತನಕ ನಾನು ಹೊರಗೆ ಕಾರಿನ ಹತ್ತಿರ ಇದ್ದೆ. ಊರಿನಿಂದ ವಿಮಾನದಲ್ಲಿ ಬಂದ ಹೊಸ ಭತ್ತದ ತೆನೆಯನ್ನು ಪಾದ್ರಿಗಳು ಮಂತ್ರಿಸಿ ಮನೆಗೊಂದರಂತೆ ಹಂಚುತ್ತಾರೆ. ಬಾಯಮ್ಮ ಬರುವಾಗ ಕೈಯಲ್ಲಿ ಎರಡಿದ್ದವು.

ವಾಪಸು ಬರುವಾಗ ಮುಳ್ಳು ಅರ್ಧ ದಾಟಲಿಲ್ಲ. ಕರಾಮಾದ ಮನೆಯ ಕೆಳಗೆ ಕಾರು ನಿಂತಿತು. ಪೊರ್ಬುಗಳು ಕೀ ತಿರುಗಿಸಿ, ಹೆಂಡತಿಯ ಮುಖ ನೋಡದೆ, ಸ್ಟೇರಿಂಗಿಗೇ ಕೇಳಿದರು: "ಅಲ್ ಐನಿಗೆ ಫೋನು ಮಾಡುವುದುಂಟಾ?"

ಬಾಯಮ್ಮ ಇಳಿದರು. ಸೀರೆ ಸರಾಗ ಬಂತು. ಹಿಂದಿನ ಬಾಗಿಲು ಇಲ್ಲದ ಗಾಡಿ, ಸೀಟು ಬಗ್ಗಿಸಿ ನಾನು ಹೊರಗೆ ಬರುವ ತನಕ ಕಾದರು. "ಗುಣಪಾಲಣ್ಣ, ನಿಮ್ಮಲ್ಲಿ ಹೊಸ ತೆನೆ ಮನೆಗೆ ಬಂದರೆ ಎಂತ ಮಾಡುವುದು?"

"ಕಟ್ಟುವುದು ಬಾಯಮ್ಮ. ಬಾಗಿಲಿಗೆ, ಕಣಜಕ್ಕೆ, ನೇಗಿಲಿಗೆ. ಮನೆಯದ್ದು ಎಂದು ಯಾವುದುಂಟೋ ಅದಕ್ಕೆಲ್ಲ."

"ನಾವು ಅಕ್ಕಿ ಸುಲಿದು ಹಾಲಿಗೆ ಹಾಕಿ ಊಟ ಮಾಡುತ್ತೇವೆ. ಅದಕ್ಕೆ ಒಂದು ಸಾಕು." ಇನ್ನೊಂದನ್ನು ನನ್ನ ಕೈಗೆ ಕೊಟ್ಟು, ಗಲ್ಲ ಎತ್ತಿ ಕಾರಿನ ಕಡೆ ತೋರಿಸಿದರು. "ಕಟ್ಟಿ."

ನಾನು ಕನ್ನಡಿಯ ಕಡ್ಡಿಗೆ ನೂಲು ಸುತ್ತತೊಡಗಿದೆ. ಪೊರ್ಬುಗಳು ಬಾಯಿ ತೆರೆದು, "ಅಲ್ಲಿ ಬೇಡ ಗುಣಪಾಲಣ್ಣ, ಕ್ರೋಮಿಗೆ ಗೀರು..." ಎಂದು ಶುರು ಮಾಡಿದವರು ಹೆಂಡತಿ ತಿರುಗಿದ್ದು ನೋಡಿ ನಿಲ್ಲಿಸಿದರು. ಆಮೇಲೆ ಹತ್ತಿರ ಬಂದು ನೂಲಿನ ಇನ್ನೊಂದು ತುದಿ ತಾವೇ ಹಿಡಿದರು.

"ಗಂಟು ಸ್ವಲ್ಪ ಓರೆ ಆಯಿತು" ಎಂದರು.

"ಊಟಕ್ಕೆ ಕರೆದರಲ್ಲ" ಎಂದೆ.

"ಯಾರು ಕರೆದರು?"

"ಇನ್ನು ಕರೆಯುತ್ತಾರೆ."

ಬಾಯಮ್ಮ ಆಗಲೇ ಲಿಫ್ಟಿನ ಬಾಗಿಲು ಹಿಡಿದು ನಿಂತಿದ್ದರು.