ಹೆಲ್ಮೆಟ್ಟಿನೊಳಗಿನ ಮಾತು

ಹೆಲ್ಮೆಟ್ಟಿಗೆ ಬ್ಲೂಟೂತ್ ಹೆಡ್‌ಸೆಟ್ ಹಾಕಿಸೋಣ ಎಂದು ಇವರು ಹೇಳಿದಾಗ ನಾನು ಮೊದಲು ಕೇಳಿದ್ದು, "ನಿಮಗೊಬ್ಬರಿಗೆ ತಾನೇ?" ಎಂದು.

"ನನಗೊಬ್ಬನಿಗೆ ಯಾಕೆ? ಜೋಡಿ ಸಿಗುತ್ತಂತೆ. ಮುಂದೆ ಕೂತವರೂ ಹಿಂದೆ ಕೂತವರೂ ಮಾತಾಡ್ಕೊಳ್ಳಬಹುದು."

"ಏನು ಮಾತಾಡೋದು?"

ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದವರು ಕನ್ನಡಿಯ ಕಡೆ ತಿರುಗಿಕೊಂಡರು. "ಏನೋ ಒಂದು," ಎಂದರು.

ಒಳಗಿನಿಂದ ಅತ್ತೆ, "ಏನಂತೆ? ಏನು ತರ್ತಾರಂತೆ?" ಎಂದು ಕೂಗಿದರು. ಅವರಿಗೆ ಕಿವಿ ಮಂದ. ಟೀವಿಯ ಸದ್ದು ಬೆಳಗಿನಿಂದ ರಾತ್ರಿಯವರೆಗೂ ಗೋಡೆ ನಡುಗುವಷ್ಟು ಇರುತ್ತದೆ. ಇವರು ಬಾಗಿಲಿಗೆ ಹೋಗಿ ಕೈಯಾಡಿಸಿ, ಕಿವಿ ಬಾಯಿ ಮುಟ್ಟಿ ತೋರಿಸಿ ವಿಷಯ ತಿಳಿಸಿದರು.

"ಮನೇಲಿ ಬಾಯಿ ಬಿಡೋಕೆ ಬರಲ್ಲ, ರಸ್ತೇಲಿ ಮಾತಾಡ್ತಾರಂತೆ! ಎಲ್ಲಾದ್ರೂ ಗುದ್ದಿಕೊಂಡು ಬಂದೀರ, ನೋಡಿ," ಎಂದರು ಅತ್ತೆ.

ಇವರು ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಒಬ್ಬರೇ ಯಾವುದೋ ಕಟ್ಟಡದ ತುದಿಯ ಮೋಟಾರಿನ ಕೋಣೆಯಲ್ಲೋ, ಲಿಫ್ಟಿನ ಕೆಳಗಿನ ಗುಂಡಿಯಲ್ಲೋ ಇರುತ್ತಾರೆ. ನಾನು ದೊಡ್ಡ ಆಸ್ಪತ್ರೆಯೊಂದರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಬೆಳಿಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಬರುವುದು ಇವರೇ. ಮದುವೆಗೆ ಮುಂಚೆ ಸಂಜೆ ಕಾಲೇಜಿನಲ್ಲಿ ಒಂದೇ ಬೆಂಚಿನ ಆ ತುದಿ ಈ ತುದಿಯಲ್ಲಿ ಕೂತವರು ನಾವು. ಆಗಲೂ ಇವರಿಗೆ ಮಾತು ಕಡಿಮೆ. ನನಗೆ ಆಗ ಅದೇ ಹಿಡಿಸಿತ್ತು.

ಹೆಡ್‌ಸೆಟ್ ಬೇಡವೆನ್ನಲು ನನಗೊಂದು ಕಾರಣವಿತ್ತು. ಅದನ್ನು ಇವರಿಗೆ ಹೇಳುವಂತಿರಲಿಲ್ಲ.

ಎಕ್ಸ್‌ಚೇಂಜಿನಲ್ಲಿ ನಮಗೆ ಆಡಲು ಬಿಟ್ಟಿರುವ ಮಾತು ಬಹಳ ಸ್ವಲ್ಪ. ನಮಸ್ಕಾರ ಎನ್ನಬೇಕು, ಯಾವ ವಾರ್ಡು ಎಂದು ಕೇಳಬೇಕು, ಲೈನಿನಲ್ಲಿರಿ ಎಂದು ಹೇಳಿ ಸಂಪರ್ಕ ಕೊಡಬೇಕು. ಅತ್ತರೂ ಬೈದರೂ ಅಷ್ಟೇ. ಮೇಲಿನವರು ಆಗಾಗ ಲೈನಿನ ನಡುವೆ ಸೇರಿ ಕೇಳಿಸಿಕೊಳ್ಳುತ್ತಾರೆ. ಒಬ್ಬಾಕೆ ದಿನಾ ಮಧ್ಯಾಹ್ನ ಫೋನ್ ಮಾಡಿ ಮೂರನೇ ಮಹಡಿಯ ವಾರ್ಡು ಕೇಳುತ್ತಾರೆ. ಅವರ ಗಂಡ ಅಲ್ಲಿ ತೀರಿಕೊಂಡು ಎಷ್ಟೋ ದಿನವಾಯಿತು. ಆತನ ಕನ್ನಡಕ ಮಾತ್ರ ಮನೆಗೆ ಬರಲಿಲ್ಲವಂತೆ. ಸಿಕ್ಕಿತೇ ಎಂದು ಕೇಳುವುದಕ್ಕೆ ಫೋನು. ವಾರ್ಡಿನ ಸಿಸ್ಟರುಗಳು, "ದಯವಿಟ್ಟು ಅವರಿಗೆ ಲೈನ್ ಕೊಡಬೇಡಿ ಅಕ್ಕ, ನಾವೆಲ್ಲ ಹುಡುಕಿ ಆಗಿದೆ, ಹೇಳಿಯೂ ಆಗಿದೆ," ಎಂದಿದ್ದರು. ಹಾಗಾಗಿ ನಾನು, "ಲೈನ್ ಬಿಡುವಿಲ್ಲಮ್ಮ," ಎನ್ನುತ್ತೇನೆ. "ಸರಿಯಮ್ಮ, ನಾಳೆ ಮಾಡ್ತೀನಿ," ಎಂದು ಅವರು ಇಡುತ್ತಾರೆ.

ಇಂಥ ಅರ್ಧಕ್ಕೆ ನಿಂತ ಕರೆಗಳನ್ನು ನಾನು ಮುಗಿಸುತ್ತಿದ್ದದ್ದು ಬೈಕಿನ ಮೇಲೆ. ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡರೆ ಬಾಯಿ ಯಾರಿಗೂ ಕಾಣುವುದಿಲ್ಲ. ದೊಡ್ಡ ರಸ್ತೆಗೆ ಬಂದು ಗಾಡಿ ವೇಗ ಹಿಡಿದ ಮೇಲೆ ಏನು ಹೇಳಿದರೂ ಗಾಳಿ ಹೊತ್ತುಕೊಂಡು ಹೋಗುತ್ತದೆ. "ಅಮ್ಮಾ, ಕನ್ನಡಕ ಸಿಗಲ್ಲ. ಅದನ್ನು ಬಿಟ್ಟುಬಿಡಿ. ಆದರೆ ನಾಳೆಯೂ ಫೋನ್ ಮಾಡಿ, ನನಗೇ ಮಾಡಿ, ಅವರು ಯಾವ ಪೇಪರು ಓದ್ತಿದ್ರು ಹೇಳಿ," ಎನ್ನುತ್ತಿದ್ದೆ. ಬೈದವರಿಗೆ ತಿರುಗಿ ಬೈಯುತ್ತಿದ್ದೆ. ಆಮೇಲೆ ನನ್ನ ಮಾತೂ ಒಂದಿಷ್ಟು. ಮನೆಯಲ್ಲಿ ಟೀವಿ, ಆಫೀಸಿನಲ್ಲಿ ಮೇಲಿನವರ ಕಿವಿ. ಉಳಿದಿದ್ದು ಆ ಹೆಲ್ಮೆಟ್ಟೊಂದೇ. ಅದರೊಳಗೂ ಮೈಕು ಬಂದರೆ ನಾನು ಎಲ್ಲಿಗೆ ಹೋಗಲಿ?

ಆದರೂ ಇವರ ಜೊತೆ ಅಂಗಡಿಗೆ ಹೋದೆ. ಹೋಗದಿದ್ದರೆ ಯಾಕೆಂದು ಹೇಳಬೇಕಾಗುತ್ತಿತ್ತು.

ಅಂಗಡಿಯ ಗೋಡೆಯ ತುಂಬ ಹೆಲ್ಮೆಟ್ಟುಗಳು, ತಲೆಗಳಿಲ್ಲದೆ ಸಾಲಾಗಿ ನಮ್ಮನ್ನೇ ನೋಡುತ್ತಿದ್ದವು. ಅಂಗಡಿಯವನು ಬಾಯಿತುಂಬ ಮಾತಿನವನು. ನಮ್ಮ ಎರಡೂ ಹೆಲ್ಮೆಟ್ಟುಗಳ ಒಳಗೆ ಬೆರಳು ಹಾಕಿ ಕಿವಿಯ ಹತ್ತಿರ ಎಷ್ಟು ಜಾಗವಿದೆ ಎಂದು ನೋಡಿದ. "ಸಾರ್‌ದರಲ್ಲಿ ಆರಾಮಾಗಿ ಕೂರುತ್ತೆ. ಮೇಡಂದು ಸ್ವಲ್ಪ ಬಿಗಿ. ತೆಳ್ಳಗಿರೋ ಸ್ಪೀಕರ್ ಬೇಕು, ಇಲ್ದಿದ್ರೆ ಕಿವಿ ನೋಯುತ್ತೆ," ಎಂದ.

"ಹಾಗಾದ್ರೆ ಇವರಿಗೆ ಒಂದೇ ಸಾಕು ಬಿಡಿ," ಎಂದೆ ನಾನು.

"ಮೇಡಂ, ಸಾರ್ ಜೋಡಿ ಅಂತ ಬಾಯಿ ಬಿಟ್ಟು ಕೇಳಿದಾರೆ. ನನ್ನ ಅಂಗಡಿಗೆ ಬರೋ ಗಂಡಸರೆಲ್ಲ, ಹೆಂಡತಿ ಮಾತು ಕೇಳಿಸದೇ ಇರೋದು ಇದ್ರೆ ಕೊಡಿ ಅಂತಾರೆ!"

ಇವರು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ನೀನೇ ಆರಿಸು. ದಿನಾ ಇದೇ ಕೆಲಸ ಅಲ್ವಾ ನಿಂದು?" ಎಂದರು.

ಅವನು ಮೂರು ಬಗೆಯವನ್ನು ತೆಗೆದಿಟ್ಟ. ಇವರು ಹೆಲ್ಮೆಟ್ ಹಾಕಿಕೊಂಡು ರಸ್ತೆಯ ತಿರುವಿನವರೆಗೆ ನಡೆದು ಹೋಗಿ ಮಾತಾಡಬೇಕು, ನಾನು ಅಂಗಡಿಯೊಳಗೆ ನಿಂತು ಕೇಳಬೇಕು. ಮೊದಲನೆಯದರಲ್ಲಿ ಒಗ್ಗರಣೆ ಹಾಕಿದಂತೆ ಚರಚರ ಸದ್ದು. ಎರಡನೆಯದು ಪ್ರತಿ ಮಾತಿನ ಬಾಲವನ್ನು ನುಂಗುತ್ತಿತ್ತು. ಇದನ್ನೇ ಆರಿಸಿಬಿಡಬೇಕು, ಹದಿನೈದು ದಿನಕ್ಕೆ ಬೇಸರ ಬಂದು ಇವರೇ ಬಿಚ್ಚಿಡುತ್ತಾರೆ ಎಂದುಕೊಂಡೆ.

ಮೂರನೆಯದನ್ನು ಹಾಕಿಕೊಂಡೆ. ಇವರು ಗಿರಾಕಿಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದರು, ಕಣ್ಣಿಗೆ ಮರೆಯಾದರು.

"ಕೇಳಿಸ್ತಾ ಇದೆಯಾ? ಇಲ್ಲಿ ಬೀಗದ ಅಂಗಡಿ ಮುಂದೆ ಇದೀನಿ. ಒಂದು ನಾಯಿ ಮಲಗಿದೆ, ಬಾಗಿಲಿಗೆ ಅಡ್ಡ. ಅಂಗಡಿಯವನು ದಾಟಿಕೊಂಡು ಓಡಾಡ್ತಿದಾನೆ, ಎಬ್ಬಿಸ್ತಿಲ್ಲ. ಒಳ್ಳೆಯವನು ಅನ್ಸುತ್ತೆ. ಅಥವಾ ಹೆದರಿಕೆಯೋ ಏನೋ. ಈಗ ಆ ನಾಯಿ ನನ್ನನ್ನ ನೋಡ್ತಿದೆ. ಹೆಲ್ಮೆಟ್ ಹಾಕ್ಕೊಂಡು ಒಬ್ಬನೇ ಮಾತಾಡ್ತಿದೀನಲ್ಲ, ಪಾಪ, ಅದಕ್ಕೂ ಗಾಬರಿ."

ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು. ಮನೆಯಲ್ಲಿ ಒಂದು ವಾರಕ್ಕೆ ಆಡುವಷ್ಟು ಮಾತನ್ನು ಇವರು ಆ ತಿರುವಿನಲ್ಲಿ ನಿಂತು ಆಡಿದ್ದರು. ಮುಖ ಕಾಣದ ದನಿಗಳನ್ನು ದಿನವೆಲ್ಲ ಕೇಳುವವಳು ನಾನು. ಈ ದನಿ ಯಾರದೋ ಒಳ್ಳೆಯ ಮನುಷ್ಯನದು ಅನ್ನಿಸಿತು. ಅವನ ಪರಿಚಯ ನನಗಿಲ್ಲ ಅಂತಲೂ ಅನ್ನಿಸಿತು.

ವಾಪಸು ಬಂದು, "ಯಾವುದು?" ಎಂದರು.

ಎರಡನೆಯದು ಎಂದು ಹೇಳಲು ಬಾಯಿ ತೆರೆದೆ. ಕೆಟ್ಟ ಮೈಕನ್ನು ಚೆನ್ನಾಗಿದೆ ಎನ್ನಲು ನಾಲಿಗೆ ಏಳಲಿಲ್ಲ. "ಇದೇ," ಎಂದೆ.

ಅಂಗಡಿಯವನು ಹೆಲ್ಮೆಟ್ಟಿನ ಒಳಗಿನ ಮೆತ್ತೆ ಕಿತ್ತು, ಕಿವಿಯ ಕುಳಿಗಳಲ್ಲಿ ಸ್ಪೀಕರ್ ಅಂಟಿಸಿ, ಗಲ್ಲದ ಹತ್ತಿರ ಹುಣಸೆ ಬೀಜದಷ್ಟು ಚಿಕ್ಕ ಮೈಕು ಕೂರಿಸಿ, ಮೆತ್ತೆಯನ್ನು ಮೊದಲಿನಂತೆ ಹಾಕಿಕೊಟ್ಟ. "ಗಾಡಿ ಹತ್ತಿದ ತಕ್ಷಣ ಇಬ್ಬರದೂ ತಾನಾಗೇ ಜೋಡಿಯಾಗುತ್ತೆ ಮೇಡಂ. ನೀವು ಏನೂ ಮಾಡೋದೇ ಬೇಡ," ಎಂದ. ನನಗೆ ಬೇಡವಾಗಿದ್ದುದೇ ಅದು.

ಮರುದಿನ ಸಂಜೆ ಹೆಲ್ಮೆಟ್ ಹಾಕಿಕೊಂಡು ಕೂತೆ.

"ಕೇಳಿಸ್ತಾ ಇದೆಯಾ?" ಎಂದರು ಇವರು.

"ಕೇಳಿಸ್ತಾ ಇದೆ."

"ನನಗೂ ಕೇಳಿಸ್ತಾ ಇದೆ."

ಆಮೇಲೆ ಮಾತಿಲ್ಲ. ನಾಯಿಯೂ ಇರಲಿಲ್ಲ, ಬೀಗದ ಅಂಗಡಿಯೂ ಇರಲಿಲ್ಲ. ಇವರ ಉಸಿರು ನನ್ನ ಎರಡೂ ಕಿವಿಯಲ್ಲಿ ಬಂದು ಹೋಗುತ್ತಿತ್ತು. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಮನೆ ತಲುಪಿ ಇಳಿದಾಗ ಅವತ್ತಿನ ಕರೆಗಳೆಲ್ಲ ಎದೆಯಲ್ಲಿ ಹಾಗೇ ಕೂತಿದ್ದವು.

ಮಾರನೆಯ ದಿನ ಎಕ್ಸ್‌ಚೇಂಜಿನಲ್ಲಿ ಕೂತಿದ್ದಾಗ ಉಪಾಯ ಹೊಳೆಯಿತು. ನಮ್ಮ ಹಳೆಯ ಬೋರ್ಡಿನಲ್ಲಿ ಸದ್ದಿನ ತಿರುಗುಣಿಯನ್ನು ಪೂರ್ತಿ ಕೆಳಕ್ಕೆ ತಿರುಗಿಸಿದರೆ ಟಕ್ ಎಂದು ಲೈನೇ ಮುಚ್ಚುತ್ತದೆ. ಆ ಕಡೆಯದು ನಮಗಿಲ್ಲ, ನಮ್ಮದು ಆ ಕಡೆಗಿಲ್ಲ. ಕೆಮ್ಮು ಬಂದರೆ, ನೀರು ಕುಡಿಯಬೇಕಾದರೆ ನಾವೆಲ್ಲ ಮಾಡುವುದು ಅದನ್ನೇ. ಸಂಜೆ ಬೈಕು ಹತ್ತಿ ಹೆಲ್ಮೆಟ್ಟಿನ ಪಕ್ಕದ, ಸದ್ದು ಇಳಿಸುವ ಗುಂಡಿಯನ್ನು ಒತ್ತುತ್ತಾ ಹೋದೆ. ಇವರ ಉಸಿರು ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಬೀಪ್ ಬೀಪ್ ಎಂದು ಪೂರ್ತಿ ನಿಂತಿತು.

ದೊಡ್ಡ ರಸ್ತೆ ಬಂತು. "ಅಮ್ಮಾ," ಎಂದು ಶುರು ಮಾಡಿದೆ.

ಅಂದಿನಿಂದ ದಿನಾ ಹೀಗೇ. ನೀನು ಯಾಕೆ ಮಾತಾಡುತ್ತಿಲ್ಲ ಎಂದು ಇವರು ಕೇಳಲಿಲ್ಲ. ಕೇಳದಿದ್ದುದೇ ಒಳ್ಳೆಯದಾಯಿತು ಎಂದುಕೊಂಡೆ, ಹಾಗೆಯೇ ಸ್ವಲ್ಪ ಬೇಜಾರೂ ಆಯಿತು. ಅಷ್ಟು ಆಸೆಯಿಂದ ತಂದವರು ಇಷ್ಟು ಬೇಗ ಮರೆತರಲ್ಲ ಎಂದು. ಒಂದು ಸಂಜೆ ಅದನ್ನೇ ಹೆಲ್ಮೆಟ್ಟಿನೊಳಗೆ ಹೇಳಿದೆ. "ಬಾಡಿಗೆ ಗಾಡಿಯವನ ಹಿಂದೆ ಕೂತ ಹಾಗೆ ಕೂತಿದೀನಿ ಇಷ್ಟು ವರ್ಷದಿಂದ. ಇಳಿಯೋ ಜಾಗ ಬಂದಾಗ ಇಳೀತೀನಿ. ಇವರಿಗೂ ಅಷ್ಟೇ, ನನಗೂ ಅಷ್ಟೇ." ಗಾಳಿ ಬೀಸುತ್ತಿತ್ತು. ಅವತ್ತು ಗಾಡಿ ಯಾಕೋ ಬಹಳ ನಿಧಾನವಾಗಿ ಹೋಯಿತು. ಸಂಚಾರ ಹೆಚ್ಚಿರಬೇಕು ಎಂದುಕೊಂಡೆ.

ಒಂದು ದಿನ ಊಟಕ್ಕೆ ಕೂತಿದ್ದೆವು. ಅತ್ತೆ ತಟ್ಟೆ ಹಿಡಿದುಕೊಂಡು ಟೀವಿಯ ಮುಂದೆ ಇದ್ದರು. ಇವರು ನನ್ನ ಕಿವಿಯ ಹತ್ತಿರ ಬಾಗಿ, "ಆ ಕನ್ನಡಕದಮ್ಮ ಇವತ್ತು ಫೋನ್ ಮಾಡ್ಲಿಲ್ವಾ? ನೀನು ಅವರ ವಿಷಯಾನೇ ಎತ್ತಲಿಲ್ಲ," ಎಂದರು.

ಎದ್ದು ಇವರ ತೋಳು ಹಿಡಿದು ಮೆಟ್ಟಿಲಿನ ಹತ್ತಿರಕ್ಕೆ ಕರೆದುಕೊಂಡು ಬಂದು ಬಾಗಿಲು ಎಳೆದುಕೊಂಡೆ. ಇಬ್ಬರ ಕೈಯೂ ಎಂಜಲು.

"ನಿಮಗೆ ಹೇಗೆ ಗೊತ್ತು?"

"ನೀನೇ ಹೇಳ್ತೀಯಲ್ಲ ದಿನಾ."

"ನಾನು ಸೆಟ್ ಆರಿಸಿರ್ತೀನಲ್ರೀ!"

"ಎಲ್ಲಿ ಆರಿಸಿರ್ತೀಯ? ಮೊದಲನೇ ದಿನ ಬಿಟ್ಟು ಆಮೇಲೆಲ್ಲ ಮಾತಾಡಿದ್ದೇ ಮಾತಾಡಿದ್ದು. ನನಗೆಷ್ಟು ಖುಷಿಯಾಗಿತ್ತು ಗೊತ್ತಾ?"

ಸದ್ದು ಇಳಿಸಿದರೆ ಲೈನು ಮುಚ್ಚುವುದಿಲ್ಲ, ನನ್ನ ಕಿವಿ ಮಾತ್ರ ಮುಚ್ಚುತ್ತದೆ ಎಂದು ಆಗ ತಿಳಿಯಿತು. ಈ ಕೆಲಸದಲ್ಲೇ ತಲೆ ನರೆತವಳಿಗೆ ಇಷ್ಟೂ ತೋಚಲಿಲ್ಲ. ನಾಚಿಕೆಯಲ್ಲಿ ಗೋಡೆಗೆ ಒರಗಿ ನಿಂತೆ.

"ಸದ್ದು ಪೂರ್ತಿ ಇಳಿಸ್ಕೊಂಡಿದ್ದೆ ನಾನು. ಅಂದ್ರೆ ಸೆಟ್ ಆರಿಹೋಗುತ್ತೆ ಅಂದ್ಕೊಂಡಿದ್ದೆ. ನನಗೆ ಆ ಕಡೆಯಿಂದ ಏನೂ ಕೇಳಿಸ್ತಿರಲಿಲ್ಲ."

"ಏನೂ ಅಂದ್ರೆ?"

"ಏನೂ."

ಇವರ ಮುಖ ನೋಡಿದೆ. ಎಲ್ಲವನ್ನೂ ನಿಧಾನವಾಗಿ ಅರ್ಥ ಮಾಡಿಕೊಳ್ಳುವ ಮುಖ ಅದು. "ನಾನು ಉತ್ತರ ಕೊಡ್ತಾನೇ ಇದ್ದೆನಲ್ಲ," ಎಂದರು. "ನೀನು ನಡುನಡುವೆ ಸುಮ್ಮನಾಗ್ತಿದ್ದೆ, ಕೇಳಿಸ್ಕೊಳ್ತಿದೀಯ ಅಂದ್ಕೊಂಡೆ. ನಾನು ಕೇಳಿದ್ದಕ್ಕೆ ಏನೂ ಅನ್ನದೇ ನೀನು ಇನ್ಯಾರದ್ದೋ ಸುದ್ದಿ ಶುರು ಮಾಡ್ತಿದ್ದೆ. ಇವಳು ಇರೋದೇ ಹಾಗಲ್ವಾ ಅಂದ್ಕೊಂಡೆ."

"ಬಾಡಿಗೆ ಗಾಡಿ ಅಂದಿದ್ನಲ್ಲ ಅವತ್ತು. ಅದಕ್ಕೆ ಏನಂದ್ರಿ?"

"ಅವತ್ತು ಬಹಳ ಹೊತ್ತು ಮಾತಾಡಿದೆ."

"ಏನಂತ?"

"ಈಗ ಹೇಗೆ ಹೇಳೋದೇ ಅದನ್ನೆಲ್ಲ? ಗಾಡಿ ಓಡಿಸ್ತಾ ಬಂದಿದ್ದು. ಎದುರಿಗೆ ನಿಂತ್ಕೊಂಡು ಅಂದ್ರೆ..." ಎಂಜಲು ಕೈ ಒಣಗಿತ್ತು. ಅದನ್ನು ನೋಡುತ್ತಾ ನಿಂತರು. "ಬೇಕಾದ್ರೆ ನಿಂದನ್ನ ಬಿಚ್ಚಿಬಿಡ್ತೀನಿ. ಎರಡು ನಿಮಿಷದ ಕೆಲಸ."

"ಇರಲಿ," ಎಂದೆ.

ಒಳಗಿನಿಂದ ಅತ್ತೆ, "ತಟ್ಟೆ ಬಿಟ್ಟು ಎಲ್ಲಿ ಹೋದ್ರಿ ಇಬ್ರೂ? ಇಲ್ಲಿ ಯಾರು ಕಾಯಬೇಕು?" ಎಂದು ಕೂಗಿದರು.

ಮರುದಿನ ಸಂಜೆ ಗುಂಡಿ ಒತ್ತಿ ಸದ್ದನ್ನು ಪೂರ್ತಿ ಮೇಲೇರಿಸಿಕೊಂಡೆ. ಇವರ ಉಸಿರು ಮತ್ತೆ ಕಿವಿಗೆ ಬಂತು. ಇವತ್ತು ಹೇಳುತ್ತಾರೆ, ಬಾಡಿಗೆ ಗಾಡಿಯ ಮಾತಿಗೆ ಹೇಳಿದ್ದನ್ನು ಇನ್ನೊಂದು ಸಲ ಹೇಳುತ್ತಾರೆ ಎಂದು ಕಾದೆ. ಪೇಟೆ ದಾಟಿತು. ಇವರು ಎರಡು ಸಲ ಗಂಟಲು ಸರಿಮಾಡಿಕೊಂಡರು, ಅಷ್ಟೇ. ನಾನೇ ಶುರು ಮಾಡಿದರೆ ಇವರಿಗೂ ದಾರಿಯಾದೀತು ಅನ್ನಿಸಿತು. ಅವತ್ತು ಕನ್ನಡಕದಮ್ಮ ಫೋನ್ ಮಾಡಿದ್ದರು.

"ಅಮ್ಮಾ," ಎಂದೆ. "ಕನ್ನಡಕ ಸಿಕ್ಕಿಲ್ಲ. ನಮ್ಮವರು ಎಲ್ಲಾ ಕಡೆ ಹುಡುಕಿದಾರೆ. ದಯವಿಟ್ಟು ಬೇಸರ ಮಾಡ್ಕೋಬೇಡಿ. ತಾವು..."

ತಾವು! ಬಾಯಿಂದ ಬಂದದ್ದು ಆಫೀಸಿನ ದನಿ. ಮೇಲಿನವರು ನಡುವೆ ಸೇರಿದ್ದಾರೆಂದು ಗೊತ್ತಾದಾಗ ಬರುವ, ಇಸ್ತ್ರಿ ಮಾಡಿದಂಥ ದನಿ. ಅಲ್ಲಿಗೇ ನಿಲ್ಲಿಸಿದೆ. ಇವರೂ ಗುರುತಿಸಿರಬೇಕು. ಇಷ್ಟು ದಿನ ನನ್ನ ನಿಜವಾದ ದನಿ ಕೇಳಿಸಿಕೊಂಡವರಲ್ಲವೇ?

"ನಾನು ಕೇಳಿಸ್ಕೊಳ್ತಿದೀನಿ ಅಂತ ಹೀಗಾ?" ಎಂದರು.

ನಾನು ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡೆ.

"ಸರಿ ಬಿಡು. ನಾನು ಆರಿಸ್ಕೊಳ್ತೀನಿ. ನೀನು ಮಾತಾಡ್ಕೋ."

ಇವರ ಎಡಗೈ ಹಿಡಿಕೆ ಬಿಟ್ಟು ಹೆಲ್ಮೆಟ್ಟಿಗೆ ಹೋಯಿತು. ಕಿವಿಯಲ್ಲಿ ಒಂದು ಸಣ್ಣ ಸದ್ದಾಗಿ ಉಸಿರು ನಿಂತಿತು.

"ಬೇಡ ರೀ, ಆರಿಸಬೇಡಿ," ಎಂದೆ. ಆಗಲೇ ಕೈ ಹಿಡಿಕೆಗೆ ಮರಳಿತ್ತು. ಇನ್ನೊಂದು ಸಲ ಜೋರಾಗಿ ಹೇಳಿದೆ. ನನ್ನ ದನಿ ಗಾಜಿಗೆ ಬಡಿದು ನನಗೇ ಬಂತು. ದೊಡ್ಡ ರಸ್ತೆಯುದ್ದಕ್ಕೂ ಏನು ಬೇಕಾದರೂ ಹೇಳಬಹುದಿತ್ತು, ಕೇಳುವವರು ಯಾರೂ ಇರಲಿಲ್ಲ. ಒಂದು ಮಾತೂ ಬರಲಿಲ್ಲ.

ಸೆಟ್ ಮತ್ತೆ ಹಾಕಿಕೊಳ್ಳಲಿ ಎಂದು ಇವರ ಭುಜದ ಮೇಲೆ ಕೈಯಿಟ್ಟು ಒತ್ತಿದೆ. ವೇಗಕ್ಕೆ ಹೆದರಿಕೆಯಾದಾಗಲೆಲ್ಲ ನಾನು ಮಾಡುವುದು ಹಾಗೇ. ಆ ಒತ್ತುವಿಕೆಗೆ ಇವರಿಗೆ ಗೊತ್ತಿದ್ದ ಅರ್ಥ ಅದೊಂದೇ. ತಲೆಯಾಡಿಸಿ ಗಾಡಿಯ ವೇಗ ತಗ್ಗಿಸಿ ರಸ್ತೆಯ ಅಂಚಿಗೆ ಬಂದರು. ಹಿಂದಿನ ವಾಹನಗಳು ಹಾರ್ನ್ ಹೊಡೆಯುತ್ತಾ ಒಂದೊಂದಾಗಿ ನಮ್ಮನ್ನು ದಾಟಿ ಹೋದವು. ನಾನು ಕೈ ತೆಗೆಯಲಿಲ್ಲ. ಇವರು ಇನ್ನೂ ನಿಧಾನ ಮಾಡಿದರು.