ಶ್ರಾವಣದೊಳಗೆ ಎಂಟು ಕಿಲೊ

ಸುಜಾತಾ ದಿನಾ ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಳ್ಳುವ ಮೊದಲೇ ತೂಕದ ಯಂತ್ರ ಹತ್ತುತ್ತಿದ್ದಳು. ಬಚ್ಚಲ ಬಾಗಿಲ ಹತ್ತಿರ ಇಟ್ಟಿದ್ದ ಆ ಗಾಜಿನ ಹಲಗೆಯ ಮೇಲೆ ಒಂದು ಕಾಲಿಟ್ಟು, ಬಸವಣ್ಣನನ್ನು ನೆನೆದು, ಆಮೇಲೆ ಇನ್ನೊಂದು ಕಾಲಿಡುತ್ತಿದ್ದಳು. ಉಸಿರಿಗೂ ತೂಕ ಇರುತ್ತದೆಂಬ ಹಾಗೆ ಉಸಿರು ಬಿಗಿ ಹಿಡಿಯುತ್ತಿದ್ದಳು. ಅಂಕಿ ನಿಲ್ಲುವವರೆಗೆ ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ನಿಂತ ಮೇಲೆ ಇನ್ನಷ್ಟು ಹೊಡೆದುಕೊಳ್ಳುತ್ತಿತ್ತು, ಯಾಕೆಂದರೆ ಅದು ನಿನ್ನೆ ಎಲ್ಲಿತ್ತೋ ಅಲ್ಲೇ ಇರುತ್ತಿತ್ತು.

ಚೆಂದ ಕಾಣಬೇಕೆಂಬ ಚಪಲಕ್ಕೆ ನೋಡುತ್ತಿದ್ದ ತೂಕವಲ್ಲ ಅದು. ಮಗಳು ಭಾಗ್ಯಾಳಿಗೆ ಹದಿನಾರು ವರ್ಷ, ಅವಳ ಲಿವರು ಕೆಟ್ಟುಹೋಗಿತ್ತು. ಕಣ್ಣು ಹಳದಿ, ಹೊಟ್ಟೆಯಲ್ಲಿ ನೀರು, ಕೈಕಾಲು ಕಡ್ಡಿ. ಬೇರೆಯವರ ಲಿವರಿನ ತುಂಡು ಹಾಕದೆ ದಾರಿಯಿಲ್ಲವೆಂದು ಬೆಳಗಾವಿಯ ಡಾಕ್ಟರು ಹೇಳಿದ್ದರು. ಅಪ್ಪ ಬಾಳೇಶನ ರಕ್ತದ ಗುಂಪು ಹೊಂದಲಿಲ್ಲ. ಅವನ ತಾಯಿ ಗೌರವ್ವಳಿಗೆ ವಯಸ್ಸಾಗಿತ್ತು, ಮೇಲೆ ಸಕ್ಕರೆ ಕಾಯಿಲೆ. ಹೊಂದಿದ್ದು ಸುಜಾತಾಳದೊಂದೇ. ಆದರೆ ಸ್ಕ್ಯಾನ್ ಮಾಡಿ ನೋಡಿದರೆ ಅವಳ ಲಿವರಿಗೂ ಕೊಬ್ಬು ಹತ್ತಿತ್ತು. ಹೀಗಿರುವಾಗ ಕೊಯ್ದರೆ ತಾಯಿಗೆ ಅಪಾಯ, ಮಗಳಿಗೆ ಉಪಯೋಗವಿಲ್ಲ. ಎಂಟು ಕಿಲೊ ಇಳಿಸಿಕೊಂಡು ಬರಬೇಕು, ಶ್ರಾವಣ ಹಿಡಿಯುವುದರೊಳಗೆ ಬರಬೇಕು, ಹುಡುಗಿ ಅದಕ್ಕಿಂತ ಹೆಚ್ಚು ಕಾಯಲಾರಳು ಎಂದರು. ಹುಡುಗಿಗೆ ಹೊಟ್ಟೆ ತುಂಬ ಉಣ್ಣಿಸಬೇಕು, ಮೈಯಲ್ಲಿ ತ್ರಾಣವಿಲ್ಲದಿದ್ದರೆ ಆಪರೇಶನ್ ತಡೆದುಕೊಳ್ಳಲಾರಳು ಎಂಬುದನ್ನೂ ಒತ್ತಿ ಹೇಳಿದರು.

ನಮ್ಮ ಕಡೆ ಹೆಂಗಸು ಮೈತುಂಬಿಕೊಂಡರೆ ಅದು ರೋಗವಲ್ಲ, ಗಂಡನ ಮನೆಯವರಿಗೆ ಸಿಗುವ ಸರ್ಟಿಫಿಕೇಟು. ಗಂಡನ ಊರು ಕೊಣ್ಣೂರಿನಲ್ಲಿ ಇಪ್ಪತ್ತು ವರ್ಷ ಬೀಗರೆಲ್ಲ ಸುಜಾತಾಳನ್ನು ನೋಡಿ ಗೌರವ್ವಳನ್ನು ಹೊಗಳಿದ್ದರು. ಈಗ ಆ ಹೊಗಳಿಕೆಯೇ ಮಗಳ ಕುತ್ತಿಗೆಗೆ ಬಂದು ಕೂತಿತ್ತು. ಸುಜಾತಾ ತನ್ನ ಮೈಯನ್ನು ತಾನೇ ಶಪಿಸಿಕೊಂಡಳು.

ಮೊದಲು ಅವಳು ಹೋದದ್ದು ಗೋಕಾಕಕ್ಕೆ, ಪೂನಮ್ ಎಂಬಾಕೆ ನಡೆಸುತ್ತಿದ್ದ ತೂಕ ಇಳಿಸುವ ಕ್ಲಾಸಿಗೆ. ಕರದಂಟಿನ ಅಂಗಡಿಯ ಮಾಳಿಗೆಯ ಮೇಲೆ ಆ ಕ್ಲಾಸು. ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ದಾಟಿ ಮೆಟ್ಟಿಲು ಹತ್ತಿದವರೇ ಅರ್ಧ ಗೆದ್ದ ಹಾಗೆ. ಪೂನಮ್ ಹೇಳಿದ ಪದ್ಧತಿ ಪಾಯಿಂಟಿನದು. ಒಂದೊಂದು ತಿನಿಸಿಗೆ ಇಷ್ಟಿಷ್ಟು ಪಾಯಿಂಟು, ದಿನಕ್ಕೆ ಇಪ್ಪತ್ತಮೂರು ಮೀರಬಾರದು. ರೊಟ್ಟಿಗೆ ಮೂರು, ಶೇಂಗಾ ಹಿಂಡಿಗೆ ಚಮಚಕ್ಕೆ ಎರಡು, ಕರದಂಟಿಗೆ ಒಂದು ತುಂಡಿಗೇ ಎಂಟು. ಕಾಯಿಪಲ್ಲೆಗೆ, ಮೊಳಕೆ ಬರಿಸಿದ ಮಡಿಕಿಕಾಳಿಗೆ ಸೊನ್ನೆ, ಬೇಕಾದಷ್ಟು ತಿನ್ನಬಹುದು. ಸುಜಾತಾಳಿಗೆ ಇದು ಹಿಡಿಸಿತು. ಬೆರಳಲ್ಲಿ ಎಣಿಸಿಕೊಂಡು ಅಡುಗೆ ಮಾಡಬಹುದಿತ್ತು, ಹಸಿವಾದರೆ ಸೊನ್ನೆಯದನ್ನು ತಿಂದು ನೀರು ಕುಡಿಯಬಹುದಿತ್ತು. ಮೊದಲ ವಾರಗಳಲ್ಲಿ ಎರಡು ಕಿಲೊ ಇಳಿಯಿತು. ಆಮೇಲೆ ಅಂಕಿ ನೆಟ್ಟ ಹಾಗೆ ನಿಂತುಬಿಟ್ಟಿತು.

ಬಾಳೇಶ ಹುಕ್ಕೇರಿಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಸೊನ್ನೆ ಎಂದು ಹೇಳಿ ಬಟ್ಟಲುಗಟ್ಟಲೆ ತಿನ್ನಿಸುವ ಲೆಕ್ಕ ಅವನಿಗೆ ಮೊದಲಿನಿಂದಲೂ ಸರಿಬಂದಿರಲಿಲ್ಲ. ಕಾಳೂ ತಿನಿಸೇ, ಅದಕ್ಕೆ ಹಾಕಿದ ಒಗ್ಗರಣೆಯೂ ಎಣ್ಣೆಯೇ, ಹೊಟ್ಟೆಗೆ ಹೋದದ್ದು ಸೊನ್ನೆ ಹೇಗಾದೀತು ಎಂದು ವಾದಿಸಿದ. ಮೊಬೈಲಿನಲ್ಲಿ ಕ್ಯಾಲೊರಿ ಲೆಕ್ಕ ಹಾಕುವ ಆ್ಯಪ್ ಇಳಿಸಿಕೊಂಡ, ಅಡುಗೆಮನೆಗೆ ಸಣ್ಣ ತಕ್ಕಡಿ ತಂದ. ಆ್ಯಪಿನಲ್ಲಿದ್ದ ರೊಟ್ಟಿ ಯಾವ ಊರಿನದೋ, ಗೌರವ್ವನ ಕೈಯ ರೊಟ್ಟಿಯ ಅರ್ಧವೂ ಇರಲಿಲ್ಲ. ಹಾಗಾಗಿ ಪ್ರತಿಯೊಂದು ರೊಟ್ಟಿಯೂ ಹೆಂಚಿನಿಂದ ಇಳಿದು ತಕ್ಕಡಿ ಏರಿ ಆಮೇಲೆ ಸುಜಾತಾಳ ತಾಟಿಗೆ ಬರತೊಡಗಿತು. ಸಾವಿರದ ಇನ್ನೂರು ಕ್ಯಾಲೊರಿ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಭಾಗ್ಯಾಳಿಗೆ ಬಡಿಸಿದ್ದನ್ನೂ ಅವನು ಹಾಗೇ ತೂಗಿ, ಲೆಕ್ಕ ಮಾಡಿ, ವಾರಕ್ಕೊಮ್ಮೆ ಆಸ್ಪತ್ರೆಗೆ ಫೋನಿನಲ್ಲಿ ತಿಳಿಸುತ್ತಿದ್ದ. ಹುಡುಗಿಯ ಊಟ ಚಲೋ ಇದೆ ಎಂದು ಅತ್ತಕಡೆಯವರು ಸಮಾಧಾನ ಪಡುತ್ತಿದ್ದರು.

ಪಾಯಿಂಟಿನಲ್ಲಿ ಮನಸ್ಸು ಹಗುರ ಇತ್ತು, ಕ್ಯಾಲೊರಿಯಲ್ಲಿ ಮನೆಯೆಲ್ಲ ಪರೀಕ್ಷೆಯ ಕೋಣೆಯಾಯಿತು. ಹಸಿವು ಮಾತ್ರ ಎರಡರಲ್ಲೂ ಒಂದೇ. ಸುಜಾತಾ ಮಗಳಿಗೆ ಬಡಿಸಿ, ಮಾತಾಡಿಸಿ ಉಣ್ಣಿಸಿ, ಅವಳ ತಾಟು ಖಾಲಿ ಮಾಡಿ ಎತ್ತಿಟ್ಟು, ಆಮೇಲೆ ತನ್ನ ತೂಗಿದ ಊಟಕ್ಕೆ ಕೂರುತ್ತಿದ್ದಳು. ತೂಕ ಮಾತ್ರ ಜಪ್ಪಯ್ಯ ಎಂದರೂ ಇಳಿಯಲಿಲ್ಲ. ಒಂದು ವಾರ ಅರ್ಧ ಕಿಲೊ ಏರಿಯೂ ಬಿಟ್ಟಿತು. ಅವಳು ಕದ್ದು ತಿನ್ನುತ್ತಿದ್ದಾಳೇನೋ ಎಂಬ ಅನುಮಾನ ಬಾಳೇಶನ ಕಣ್ಣಲ್ಲಿ ಬಂದು ಹೋದದ್ದನ್ನು ಸುಜಾತಾ ನೋಡಿದಳು. ಅವನು ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಆಷಾಢ ಬಂತು. ರೊಟ್ಟಿ ಬಡಿಯುವಾಗ ಸುಜಾತಾಳ ಕೈ ನಿಂತುಬಿಡುತ್ತಿತ್ತು. ತನ್ನ ಹೊಟ್ಟೆಯ ಕೊಬ್ಬು ಕರಗದೆ ಮಗಳು ಸತ್ತರೆ, ನಾಳೆ ಜನ ಏನಂದಾರು ಎಂಬುದಲ್ಲ, ತಾನು ಮತ್ತೆ ಹೇಗೆ ತುತ್ತು ಎತ್ತಲಿ ಎಂದು ಹೆದರಿಕೆಯಾಗುತ್ತಿತ್ತು. ಭಾಗ್ಯಾ ಪಡಸಾಲೆಯ ಮಂಚದ ಮೇಲೆ ಮಲಗಿ ಅವ್ವನನ್ನೇ ನೋಡುತ್ತಿರುತ್ತಿದ್ದಳು. ಆ ನೋಟ ತಪ್ಪಿಸಲು ಸುಜಾತಾ ಸುಮ್ಮನೆ ಡಬ್ಬಿಗಳನ್ನು ಒರೆಸುತ್ತಿದ್ದಳು.

ಪೂನಮ್ ಮತ್ತು ಬಾಳೇಶ ಒಂದೇ ಒಂದು ವಿಷಯದಲ್ಲಿ ಒಪ್ಪಿದ್ದೆಂದರೆ, ಸುಜಾತಾ ಒಂದು ವಾರ ಈ ಅಡುಗೆಮನೆ ಬಿಟ್ಟು ಎಲ್ಲಿಯಾದರೂ ಇರಬೇಕು ಎಂಬುದು. ಕುದಿಯುವ ಸಾರಿನ ರುಚಿ ನೋಡುವುದು, ಉಪ್ಪು ನೋಡುವುದು, ಇದರಲ್ಲೇ ಎಲ್ಲೋ ಸೋರುತ್ತಿದೆ ಎಂದು ಇಬ್ಬರೂ ಅಂದರು. ಮಗಳನ್ನು ಬಿಟ್ಟು ಹೋಗಲು ಸುಜಾತಾಳ ಕರುಳು ಕಿತ್ತು ಬಂತು. ಆದರೂ ತವರಾದ ಮೂಡಲಗಿಗೆ ಹೋದಳು. ಬೇರೆ ದಾರಿ ಏನಿತ್ತು?

ಅಲ್ಲಿ ಅವಳ ತಾಯಿ ಯಲ್ಲವ್ವ ತಕ್ಕಡಿ ನೋಡಿ ಮುಖ ಗಂಟು ಹಾಕಿಕೊಂಡಳು. ತಾಟಿಗೆ ಬಂದದ್ದು ಪ್ರಸಾದ, ಅದನ್ನು ಬಂಗಾರದ ಹಾಗೆ ತೂಗುವುದೇ, ಎಂದು ಗೊಣಗಿದಳು. ಸುಜಾತಾ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆದರಿಕೆಗೆ ಎರಡೂ ಲೆಕ್ಕ ಇಟ್ಟಳು, ಒಂದು ಕೈಯಲ್ಲಿ ಪಾಯಿಂಟು, ಇನ್ನೊಂದು ಕೈಯಲ್ಲಿ ಕ್ಯಾಲೊರಿ. ಉಂಡದ್ದು ಕೊಣ್ಣೂರಿನಲ್ಲಿ ಉಣ್ಣುತ್ತಿದ್ದಷ್ಟೇ, ಅದೇ ರೊಟ್ಟಿ, ಅದೇ ಪಲ್ಲೆ, ಅದೇ ಕಾಳು. ವಾರ ತುಂಬುವುದರೊಳಗೆ ಎರಡು ಕಿಲೊ ಇಳಿದಿತ್ತು.

ಅವಳಿಗೆ ನಂಬಿಕೆಯಾಗಲಿಲ್ಲ, ಇಳಿದು ಮತ್ತೆ ಹತ್ತಿ ನೋಡಿದಳು. ಸುದ್ದಿ ಕೇಳಿ ಪೂನಮ್ ಪಾಯಿಂಟು ಗೆದ್ದಿತೆಂದಳು, ಬಾಳೇಶ ಕ್ಯಾಲೊರಿ ಗೆದ್ದಿತೆಂದ. ಸುಜಾತಾ ಎಷ್ಟೋ ದಿನಗಳ ಮೇಲೆ ನಕ್ಕಳು. ನಕ್ಕ ಬಾಯಿ ಮುಚ್ಚುವ ಮೊದಲೇ ಅತ್ತೆ ಗೌರವ್ವನ ಫೋನು ಬಂತು.

"ಸುಜಾತಾ, ಲಗೂನ ಬಾರವ್ವಾ," ಅಂದಳು ಗೌರವ್ವ. "ನೀ ಹೋದಾಗಿಂದ ಕೂಸು ಊಟಾನ ಬಿಟ್ಟೈತಿ. ಅರ್ಧಕ್ಕರ್ಧಾ ತಾಟಿನಾಗ ಉಳಸ್ತೈತಿ. ನನ್ನ ಸಕ್ರಿ ಬ್ಯಾನಿಗೆ ನಾ ಹೆಂಗ ಉಣ್ಲಿ? ಬಾಜೂ ಮನಿ ಚಮನಬಿ ಎಮ್ಮಿಗೆ ಹಾಕಾಕತ್ತೇನಿ. ನೀ ಇದ್ದಾಗ ತಾಟ ತೊಳದಂಗ ಇರತಿತ್ತು."

ಇಲ್ಲ ಅತ್ತೀ, ನಾನಿದ್ದಾಗಲೂ ಅವಳು ಬಿಡುತ್ತಿದ್ದಳು ಎಂದು ಹೇಳಲು ಸುಜಾತಾ ಬಾಯಿ ತೆರೆದಳು. ತೆರೆದವಳು ಬರುತ್ತೇನೆಂದಷ್ಟೇ ಹೇಳಿ ಫೋನು ಇಟ್ಟಳು.

ನಾನಿದ್ದಾಗಲೂ ಬಿಡುತ್ತಿದ್ದಳು. ಅದನ್ನು ನಾನು ಉಣ್ಣುತ್ತಿದ್ದೆ.

ಪ್ರಸಾದ ಬಿಸಾಡಬಾರದು, ಕೊನೆಯ ಅಗುಳು ಬಳಿದು, ತಾಟು ತೊಳೆದ ನೀರನ್ನೂ ಕುಡಿಯಬೇಕು ಎಂದು ಇದೇ ಮನೆಯಲ್ಲಿ, ಇದೇ ಯಲ್ಲವ್ವನ ಹತ್ತಿರ ಅವಳು ಕಲಿತಿದ್ದಳು. ಮಗಳು ಬಿಟ್ಟದ್ದನ್ನು ಹದಿನಾರು ವರ್ಷದಿಂದ ಉಂಡಿದ್ದಳು. ಅದು ಊಟವೆಂದು ಅವಳಿಗೆ ಒಂದು ದಿನವೂ ಅನಿಸಿರಲಿಲ್ಲ. ಮಗಳ ಮೂಗು ಒರೆಸಿದಂತೆ, ತಲೆ ಬಾಚಿದಂತೆ, ಅದೂ ಒಂದು ಕೆಲಸ. ಅದಕ್ಕೆ ಪಾಯಿಂಟು ಯಾರು ಕೊಡುತ್ತಾರೆ, ಅದನ್ನು ತಕ್ಕಡಿಗೆ ಯಾರು ಹಾಕುತ್ತಾರೆ? ಭಾಗ್ಯಾಳಿಗೆಂದು ತುಪ್ಪ ಸುರಿದು ಕಲಸಿದ ಅನ್ನ, ಬೆಣ್ಣೆ ಹಚ್ಚಿದ ರೊಟ್ಟಿ, ಎಲ್ಲವೂ ದಿನಾ ತನ್ನ ಹೊಟ್ಟೆ ಸೇರಿತ್ತು. ಮೊದಮೊದಲು ಒಂದೆರಡು ತುತ್ತು, ಬರಬರುತ್ತ ಅರ್ಧ ತಾಟು. ತನ್ನ ತೂಕ ಇಳಿಯದೆ ನಿಂತದ್ದಕ್ಕಿಂತ ಅವಳಿಗೆ ಇನ್ನೊಂದು ಮಾತು ಎದೆಗೆ ಬಂದು ಬಡಿಯಿತು. ಹಾಗಾದರೆ ಕೂಸು ತಿಂಗಳುಗಟ್ಟಲೆ ಏನು ಉಂಡಿದೆ?

ಘಟಪ್ರಭಾದ ಕಡೆ ಹೋಗುವ ಬಸ್ಸು ಹತ್ತಿದ ಮೇಲೆ ಅವಳು ಬಾಳೇಶನಿಗೆ ಫೋನು ಮಾಡಿ ಎಲ್ಲ ಹೇಳಿದಳು. ಆಸ್ಪತ್ರೆಗೆ ತಿಳಿಸಿದ್ದೆಲ್ಲ ಬಡಿಸಿದ ಲೆಕ್ಕ, ಉಂಡ ಲೆಕ್ಕವಲ್ಲ. ಹೊಟ್ಟೆಯ ನೀರು ಏರುತ್ತಿದ್ದುದರಿಂದ ಭಾಗ್ಯಾಳ ತೂಕವೂ ಇಳಿದಂತೆ ಕಂಡಿರಲಿಲ್ಲ. ಕೈಕಾಲು ಸೊರಗಿದ್ದನ್ನು ರೋಗದ ತಲೆಗೆ ಕಟ್ಟಿ ಎಲ್ಲರೂ ಸುಮ್ಮನಿದ್ದರು. ಬಾಳೇಶನ ಹಿಂದೆ ಸಾಲಿಯ ಹುಡುಗರ ಗದ್ದಲ ಕೇಳಿಸುತ್ತಿತ್ತು.

"ಹಂಗಾದ್ರ ಆಕಿ ಅರ್ಧಾನೂ ಉಂಡಿಲ್ಲೇನ?" ಎಂದು ಕೇಳಿದ. ಅವನ ದನಿಯಲ್ಲಿದ್ದ ಭಯ ಕೇಳಿ ಸುಜಾತಾಳಿಗೆ ಇದ್ದಬಿದ್ದ ಧೈರ್ಯವೂ ಹೋಯಿತು. ದಾರಿಯುದ್ದಕ್ಕೂ ಕಬ್ಬಿನ ಹೊಲ, ಕಬ್ಬಿನ ಹೊಲ. ಬಸ್ಸು ನಿಂತಲ್ಲೆಲ್ಲ ಅವಳು ಡ್ರೈವರನ ಬೆನ್ನು ನೋಡಿ ಹಲ್ಲು ಕಚ್ಚುತ್ತಿದ್ದಳು.

ಮನೆ ಮುಟ್ಟಿದಾಗ ಭಾಗ್ಯಾ ಊಟಕ್ಕೆ ಕೂತಿದ್ದಳು. ಒಂದು ವಾರದಲ್ಲಿ ಹುಡುಗಿಯ ಗಲ್ಲ ಇನ್ನೂ ಒಳಗೆ ಹೋಗಿತ್ತು, ಅಥವಾ ಸುಜಾತಾ ಈಗಷ್ಟೇ ಕಣ್ಣು ಬಿಟ್ಟು ನೋಡುತ್ತಿದ್ದಳು. ಅವ್ವನನ್ನು ಕಂಡದ್ದೇ ಭಾಗ್ಯಾಳ ಮುಖ ಅರಳಿತು. ಸ್ವಲ್ಪ ಹೊತ್ತಿಗೆ ಅರ್ಧ ರೊಟ್ಟಿ, ಮುಕ್ಕಾಲು ಪಾಲು ಅನ್ನ ಉಳಿಸಿ, ರೂಢಿಯಂತೆ ತಾಟನ್ನು ಅವ್ವನ ಕಡೆಗೆ ದೂಡಿದಳು.

ಸುಜಾತಾ ತಾಟು ಮುಟ್ಟಲಿಲ್ಲ. ಯಾವಾಗಿನಿಂದ ಹೀಗೆ ಬಿಡುತ್ತಿದ್ದೀ ಎಂದು ಮೆಲ್ಲಗೆ ಕೇಳಿದಳು.

"ಮೊದಲ ಖರೇನ ಹೋಗತಿರಲಿಲ್ಲವ್ವಾ, ಹೊಟ್ಟಿ ಬಿಗದಂಗ ಆಗತಿತ್ತು," ಅಂದಳು ಭಾಗ್ಯಾ. "ಆಮ್ಯಾಲ ಹೋಗತಿತ್ತು. ಆದ್ರೂ ಬಿಡಾಕತ್ತಿದ್ನಿ."

"ಯಾಕ?"

"ನಾ ಬಿಟ್ಟದ್ದೆಲ್ಲಾ ನೀ ಉಣ್ಣತಿದ್ದಿ. ನಿನ್ನ ತೂಕ ಇಳೀಲಿಲ್ಲಂದ್ರ ನಿನ್ನ ಕೊಯ್ಯಂಗಿಲ್ಲ ಅಂದಿದ್ರಲ್ಲ ಡಾಕ್ಟರ್. ನೀ ಇಲ್ಲದಾಗೂ ಬಿಟ್ನಿ, ನನ್ನ ಮೈಯಾಗ ತ್ರಾಣ ಇಲ್ಲಂದ್ರೂ ಆಪರೇಶನ್ ಮಾಡಂಗಿಲ್ಲಲ್ಲ. ನನ್ನ ಸಲುವಾಗಿ ಟೇಬಲ್ ಮ್ಯಾಲ ಮಲಗಿದಾಕಿ ನೀ ಏಳದ ಹೋದ್ರ?"

ಒಳಗೆ ಗೌರವ್ವ ಪಾತ್ರೆ ತಿಕ್ಕುತ್ತಿದ್ದವಳು ಕೈ ನಿಲ್ಲಿಸಿದಳು. ಸುಜಾತಾಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟು ದಿನ ಮಂಚದ ಮೇಲಿಂದ ತನ್ನನ್ನೇ ನೋಡುತ್ತಿದ್ದ ಆ ಕಣ್ಣಿನಲ್ಲಿ ಇದ್ದದ್ದು ಬದುಕಿಸು ಎಂಬ ಬೇಡಿಕೆ ಎಂದು ಅವಳು ತಿಳಿದಿದ್ದಳು. ಅಲ್ಲ, ಕೂಸು ತನ್ನನ್ನು ಕಾವಲು ಕಾಯುತ್ತಿತ್ತು. ಏನೂ ಆಗುವುದಿಲ್ಲ, ಹೆದರಬೇಡ ಎಂದು ಹೇಳಬೇಕೆಂದುಕೊಂಡಳು. ಇಂಥಾ ಮಗಳಿಗೆ ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

"ನನಗೂ ಅಂಜಿಕಿ ಐತಿ," ಅಂದಳು. "ಚಾಕು ಅಂದ್ರ ಕೈಕಾಲ ನಡಗತಾವ. ಆದ್ರ ನೀ ಇಲ್ಲದ ಈ ಮನಿ ನೆನಸಿದ್ರ ಅದಕ್ಕಿಂತ ಹೆಚ್ಚ ಅಂಜಿಕಿ ಆಗತೈತಿ. ಇನ್ನ ನಿನ್ನ ತಾಟಿಂದು ನಾ ಉಣ್ಣಂಗಿಲ್ಲ."

ಅವಳು ತಾಟು ಎತ್ತಿಕೊಂಡು ಹಿತ್ತಲಿಗೆ ಹೋಗಿ, ಬಾಜೂ ಮನೆಯ ಚಮನಬಿಯ ಎಮ್ಮೆಗೆಂದು ಇಟ್ಟಿದ್ದ ಮುಸುರೆಯ ಬಕೀಟಿಗೆ ಅನ್ನವನ್ನೂ ರೊಟ್ಟಿಯನ್ನೂ ಸುರಿದಳು. ಹುಟ್ಟಿದಾಗಿನಿಂದ ತಾಟಿನ ಅನ್ನವನ್ನು ಅವಳು ಹೀಗೆ ಚೆಲ್ಲಿದವಳಲ್ಲ. ತಾಟು ಬಕೀಟಿನ ಅಂಚಿಗೆ ಬಡಿಯಿತು. ಕದದ ಸಂದಿಯಿಂದ ಭಾಗ್ಯಾ ಅದನ್ನು ನೋಡಿದಳು. ಅವ್ವ ಖರೇನೇ ಕೊಯ್ಯಿಸಿಕೊಳ್ಳುತ್ತಾಳೆ ಎಂಬುದು ಆ ಹುಡುಗಿಗೆ ಅರ್ಥವಾದದ್ದು ಆವಾಗ. ಅವಳು ಬಿಕ್ಕಿಬಿಕ್ಕಿ ಅತ್ತಳು.

ಸುಜಾತಾ ತಾಟು ತೊಳೆದು ತಂದು, ಬಿಸಿ ರೊಟ್ಟಿ ಮುರಿದು ಹಾಕಿ, ಎದುರಿಗೆ ಕೂತಳು. ಸಮಾಧಾನ ಮಾಡಲಿಲ್ಲ, ತುತ್ತು ಮಾಡಿ ಬಾಯಿಗೂ ಇಡಲಿಲ್ಲ. ಕೈ ಕಟ್ಟಿಕೊಂಡು ಕಾದಳು. ಅವಳೂ ಹಸಿದಿದ್ದಳು. ಎಷ್ಟೋ ಹೊತ್ತಿನ ಮೇಲೆ ಭಾಗ್ಯಾ ಮೂಗು ಒರೆಸಿಕೊಂಡು ರೊಟ್ಟಿಯ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಅಗಿದು ನುಂಗಿದಳು. ಇನ್ನೊಂದು ಚೂರು ಮುರಿದಳು.

ತಾನು ನುಂಗುವ ಒಂದೊಂದು ತುತ್ತೂ ಅವ್ವನನ್ನು ಆಪರೇಶನ್ ಟೇಬಲ್ಲಿನ ಹತ್ತಿರಕ್ಕೆ ದೂಡುತ್ತದೆ ಎಂದುಕೊಂಡೇ ಅವಳು ಉಣ್ಣುತ್ತಿದ್ದಾಳೆಂದು ಸುಜಾತಾಳಿಗೆ ಗೊತ್ತಿತ್ತು. ಗೊತ್ತಿದ್ದೂ ಸಾಕು ಬಿಡು ಎನ್ನಲಿಲ್ಲ. ಸಾರು ಹಾಕಲೇನು ಎಂದು ಕೇಳಿದಳು. ಭಾಗ್ಯಾ ಅಳುತ್ತಲೇ ಹೂಂ ಎಂದು ತಾಟು ಮುಂದೆ ಹಿಡಿದಳು.